ಓದುಗರ ಪ್ರಶ್ನೆ: ರುಚಿ ಹತ್ತಲು ಎಷ್ಟು ದಿನ ಬೇಕು?

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ್ದು. ಹೊರದೇಶಕ್ಕೆ ಹೋದವರು, ಹೋಗುವವರು, ಹೋಗಿ ಬಂದವರ ಮನೆಯವರು ಬರೆದಿದ್ದಾರೆ. ಊಟಕ್ಕೆ ಎಲ್ಲರೂ ತಯಾರಿ ಮಾಡಿಕೊಂಡೇ ಹೊರಡುತ್ತಾರೆ, ಸಾರಿನ ಪುಡಿ, ಚಟ್ನಿಪುಡಿ, ಪುಟ್ಟ ಕುಕ್ಕರ್ ಎಲ್ಲ ಸೂಟ್‌ಕೇಸಿಗೆ ಸೇರುತ್ತದೆ. ಕುಡಿಯುವುದರ ಬಗ್ಗೆ ಮಾತ್ರ ಯಾರೂ ಯೋಚಿಸಿರುವುದಿಲ್ಲ. ನಾನೂ ಜರ್ಮನಿಯಲ್ಲಿ ಆರು ವರ್ಷ ಇದ್ದು ಮೈಸೂರಿಗೆ ವಾಪಸ್ ಬಂದವಳು. ಹಾಗಾಗಿ ಈ ಸಲ ಪೂರ್ತಿ ಅಂಕಣ ಇದಕ್ಕೇ.

ಪ್ರಶ್ನೆ: ಮೇಡಂ, ನಾನು ಮಂಡ್ಯದ ಹತ್ತಿರದ ಹಳ್ಳಿಯವನು. ಓದಲು ಜರ್ಮನಿಯ ಡ್ರೆಸ್ಡೆನ್‌ಗೆ ಬಂದು ನಾಲ್ಕು ತಿಂಗಳಾಯಿತು. ಇಲ್ಲಿ ನೀರು ಕೇಳಿದರೆ ಗ್ಯಾಸ್ ತುಂಬಿದ ನೀರು ಕೊಡುತ್ತಾರೆ. ಕಾಫಿಗೆ ಹಾಲಿಲ್ಲ, ಸಕ್ಕರೆ ಇಲ್ಲ, ಜೊತೆಗೆ ಹುಳಿ ಬೇರೆ. ಸಂಜೆ ಜೊತೆಯವರು ಬಿಯರ್ ಕುಡಿಯಲು ಹೋಗುತ್ತಾರೆ, ನಾನು ಕುಡಿಯುವವನಲ್ಲ, ರೂಮಿನಲ್ಲೇ ಇದ್ದುಬಿಡುತ್ತೇನೆ. ಇದಕ್ಕೆಲ್ಲ ಒಗ್ಗಿಕೊಳ್ಳಲು ಆಗುತ್ತಾ?

ಉತ್ತರ: ಆಗುತ್ತದೆ. ಮೂರನ್ನೂ ಬೇರೆ ಬೇರೆ ಮಾಡಿ ಹೇಳುತ್ತೇನೆ.

ಮೊದಲು ನೀರು. ನೀವು ಮಂಡ್ಯದ ಕಡೆಯವರು, ಗೋಲಿ ಸೋಡಾ ಕುಡಿದೇ ಇರುತ್ತೀರಿ. ನಿಂಬೆಹಣ್ಣು ಹಿಂಡಿಸಿ, ಉಪ್ಪು ಹಾಕಿಸಿ, ಇನ್ನೊಂದು ಕೊಡಿ ಅಂತಲೂ ಕೇಳಿರುತ್ತೀರಿ. ಅಲ್ಲಿನ ನೀರಿನಲ್ಲಿ ಇರುವುದೂ ಅದೇ ಕಾರ್ಬನ್ ಡೈಆಕ್ಸೈಡ್. ನೀರಿನಲ್ಲಿ ಕರಗಿ ಸ್ವಲ್ಪ ಭಾಗ ಕಾರ್ಬೋನಿಕ್ ಆಮ್ಲ ಆಗುತ್ತದೆ, ನಾಲಿಗೆಗೆ ಆಗುವ ಹುಳಿ, ಚುರುಚುರು ಎರಡೂ ಅದರದ್ದೇ. ಹಾಗಿದ್ದರೆ ಊರಿನಲ್ಲಿ ಇಷ್ಟವಾಗಿದ್ದು ಅಲ್ಲೇಕೆ ಆಗುತ್ತಿಲ್ಲ? ಬಾಯಾರಿ, ನೀರು ಅಂದುಕೊಂಡು ಗಟಗಟ ಕುಡಿಯಲು ಹೋಗುತ್ತೀರಿ, ಅದಕ್ಕೇ ಮೂಗಿಗೆ ಹೊಡೆಯುತ್ತದೆ.

ಇದು ನನಗೆ ಅರ್ಥವಾಗಿದ್ದು ಬೈಲಕುಪ್ಪೆಯಲ್ಲಿ. ಪಿರಿಯಾಪಟ್ಟಣ ತಾಲ್ಲೂಕಿನ ಟಿಬೆಟನ್ನರ ಊರು, ಮೈಸೂರಿನಿಂದ ಸುಮಾರು 80 ಕಿಲೋಮೀಟರ್. ಜರ್ಮನಿಗೆ ಹೊರಡುವ ವರ್ಷ ಅಲ್ಲಿಗೆ ಹೋಗಿದ್ದಾಗ ಒಬ್ಬ ಅಜ್ಜಿ ಸಣ್ಣ ಬಟ್ಟಲಲ್ಲಿ ಟೀ ಕೊಟ್ಟರು. ಮೇಲೆ ಹಳದಿ ಹನಿಗಳು ತೇಲುತ್ತಿದ್ದವು. ಸಿಹಿ ಇರುತ್ತದೆ ಅಂತ ಬಾಯಿಗಿಟ್ಟರೆ ಉಪ್ಪು! ಟೀ ಕಷಾಯಕ್ಕೆ ಬೆಣ್ಣೆ, ಉಪ್ಪು ಹಾಕಿ ಕಡೆದಿರುತ್ತಾರೆ. ಮೊದಲ ಗುಟುಕು ಗಂಟಲಲ್ಲಿ ಇಳಿಯಲೇ ಇಲ್ಲ. ಅಜ್ಜಿ ನಗುತ್ತಾ ಬಟ್ಟಲನ್ನು ಮತ್ತೆ ತುಂಬಿಸಿದರು. ಇದು ಟೀ ಅಲ್ಲ, ತಿಳಿಸಾರು ಅಂತ ಮನಸ್ಸಿನಲ್ಲೇ ಅಂದುಕೊಂಡು ಎರಡನೇ ಗುಟುಕು ಕುಡಿದೆ. ಬೆಣ್ಣೆಯ ಘಮ ಆಗ ಗೊತ್ತಾಯಿತು, ಉಪ್ಪು ಹದವಾಗಿದೆ ಅನಿಸಿತು, ಬಟ್ಟಲು ಖಾಲಿಯಾಯಿತು. ಬಟ್ಟಲಲ್ಲಿದ್ದದ್ದು ಅದೇ, ನಾನು ಕಾಯುತ್ತಿದ್ದ ರುಚಿ ಬೇರೆಯಾಗಿತ್ತು ಅಷ್ಟೇ.

ಹಾಗಾಗಿ ನೀವೂ ಅಲ್ಲಿನ ನೀರನ್ನು ಸೋಡಾ ಅಂತಲೇ ಕುಡಿಯಿರಿ, ಊಟದ ಜೊತೆ, ಸಣ್ಣ ಸಣ್ಣ ಗುಟುಕು. ಬಾಟಲಿ ಮೇಲೆ ಕ್ಲಾಸಿಕ್ ಅಂತ ಇದ್ದರೆ ಗ್ಯಾಸ್ ಜಾಸ್ತಿ, ಮೀಡಿಯಂ ಅಂದರೆ ಕಡಿಮೆ, ಸ್ಟಿಲ್ ಅಂದರೆ ಇಲ್ಲವೇ ಇಲ್ಲ. ಮೀಡಿಯಂನಿಂದ ಶುರುಮಾಡಿ. ಬಾಯಾರಿಕೆಗೆ ನಲ್ಲಿ ನೀರು ಸಾಕು, ಅಲ್ಲಿ ಅದನ್ನು ಕಾಯಿಸದೆ ಧೈರ್ಯವಾಗಿ ಕುಡಿಯಬಹುದು.

ಇನ್ನು ಕಾಫಿ. ನಮ್ಮದರಲ್ಲಿ ಡಿಕಾಕ್ಷನ್‌ಗಿಂತ ಹಾಲೇ ಜಾಸ್ತಿ, ಜೊತೆಗೆ ಚಿಕೋರಿ, ಬೀಜವನ್ನೂ ಕಪ್ಪಗೆ ಹುರಿದಿರುತ್ತಾರೆ. ಕಡಿಮೆ ಹುರಿದ ಬೀಜದಲ್ಲಿ ಹುಳಿ ಉಳಿದುಕೊಳ್ಳುತ್ತದೆ, ನಿಮಗೆ ಸಿಗುತ್ತಿರುವುದು ಆ ಥರದ್ದು. ಕಹಿಯ ವಿಷಯಕ್ಕೆ ಬಂದರೆ, ಅದನ್ನು ಗುರುತಿಸಲು ನಮ್ಮ ಬಾಯಿಯಲ್ಲಿ ಸುಮಾರು 25 ಬಗೆಯ ಗ್ರಾಹಕಗಳಿವೆ. ವಿಷದ ಗಿಡಗಳಲ್ಲಿ ಅನೇಕವು ಕಹಿ, ಹಾಗಾಗಿ ಹೊಸ ಕಹಿ ಕಂಡರೆ ನಾಲಿಗೆ ಹಿಂದೆ ಸರಿಯುವುದು ಸಹಜ. ನೀವು ಚಿಕ್ಕವರಿದ್ದಾಗ ಹಾಗಲಕಾಯಿ ಗೊಜ್ಜನ್ನು ತಟ್ಟೆಯ ಅಂಚಿಗೆ ತಳ್ಳಿರುತ್ತೀರಿ. ಈಗ ಯಾರಾದರೂ ಡ್ರೆಸ್ಡೆನ್‌ನಲ್ಲಿ ಅದನ್ನು ಬಡಿಸಿದರೆ ಕಣ್ಣಲ್ಲಿ ನೀರು ಬರುತ್ತದೆ, ಅಲ್ವಾ? ಹೇಗೆ ಬದಲಾಯಿತು? ಬಡಿಸುತ್ತಾ ಹೋದರು, ನೀವು ತಿನ್ನುತ್ತಾ ಹೋದಿರಿ. ರಾಬರ್ಟ್ ಜಾಯನ್ಸ್ ಅನ್ನುವ ಮನಶ್ಶಾಸ್ತ್ರಜ್ಞರು 1968ರಲ್ಲಿ ಇದನ್ನೇ ಬೇರೆ ರೀತಿಯಲ್ಲಿ ತೋರಿಸಿದರು. ಅರ್ಥವೇ ಗೊತ್ತಿಲ್ಲದ ಪದಗಳು, ಪರಿಚಯ ಇಲ್ಲದ ಮುಖಗಳು, ಸುಮ್ನೆ ಮತ್ತೆ ಮತ್ತೆ ಕಣ್ಣಿಗೆ ಬಿದ್ದರೂ ಜನಕ್ಕೆ ಅವು ಇಷ್ಟವಾಗುತ್ತಾ ಹೋಗುತ್ತವೆ. ನಾಲಿಗೆಯ ಕಥೆಯೂ ಹೆಚ್ಚು ಕಡಿಮೆ ಹೀಗೇ. ಮೊದಲ ವಾರ ಅರ್ಧ ಲೋಟ ಹಾಲು ಬೆರೆಸಿ, ವಾರ ವಾರ ಕಡಿಮೆ ಮಾಡುತ್ತಾ ಬನ್ನಿ. ಆದರೆ ಬೆಳಗ್ಗೆ ಎದ್ದ ತಕ್ಷಣ, ಅಮ್ಮನ ಕಾಫಿಯ ಜಾಗದಲ್ಲಿ ಅದನ್ನು ಇಡಬೇಡಿ, ಆ ಹೊತ್ತಿನಲ್ಲಿ ಯಾವುದೂ ಗೆಲ್ಲುವುದಿಲ್ಲ. ಜರ್ಮನ್ನರು ಮಧ್ಯಾಹ್ನ ಮೂರು ನಾಲ್ಕು ಗಂಟೆಗೆ ಕೇಕ್ ಜೊತೆ ಕಾಫಿ ಕುಡಿಯುತ್ತಾರೆ. ಬಾಯಲ್ಲಿ ಸೇಬಿನ ಕೇಕಿನ ಸಿಹಿ ಇರುವಾಗ ಅದೇ ಕಾಫಿ ಕುಡಿದು ನೋಡಿ. ಅವರು ಕುಡಿಯುವ ಹೊತ್ತಿಗೆ, ಅವರು ಜೊತೆಗೆ ಏನು ತಿನ್ನುತ್ತಾರೋ ಅದರ ಜೊತೆ ಕುಡಿದರೆ ಅರ್ಧ ಕಷ್ಟ ಹೋಗುತ್ತದೆ.

ಮೂರನೆಯದು ಬಿಯರ್. ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ಸಂಕಟವಾಗಿದ್ದು ಇಲ್ಲಿ. ದಯವಿಟ್ಟು ರೂಮಿನಲ್ಲಿ ಒಬ್ಬರೇ ಕೂರಬೇಡಿ. ಕುಡಿಯಲೂಬೇಡಿ, ಹೋಗಿ. ಆಪ್ಫೆಲ್‌ಶೋರ್ಲೆ ಅಂತ ಕೇಳಿ, ಸೇಬಿನ ರಸಕ್ಕೆ ಅದೇ ಗ್ಯಾಸ್ ನೀರು ಬೆರೆಸಿ ಕೊಡುತ್ತಾರೆ, ಎಲ್ಲ ಕಡೆ ಸಿಗುತ್ತದೆ. ಆಲ್ಕೊಹಾಲ್‌ಫ್ರೈ ಬಿಯರ್ ಅಂತ ಇರುತ್ತದೆ, ಅದರಲ್ಲಿ ಶೇಕಡ 0.5ರವರೆಗೆ ಮದ್ಯ ಇರಬಹುದು. ಅಷ್ಟೂ ಬೇಡ ಅನ್ನುವವರು 0.0 ಅಂತ ಬರೆದಿದ್ದನ್ನು ನೋಡಿ ತೆಗೆದುಕೊಳ್ಳಬೇಕು. ಆರು ವರ್ಷದಲ್ಲಿ ನನ್ನ ಲೋಟದಲ್ಲಿ ಏನಿದೆ ಅಂತ ಕೇಳಿದವರು ಇಬ್ಬರೋ ಮೂವರೋ. ಯಾಕೆ ಬರಲಿಲ್ಲ ಅಂತ ಕೇಳಿದವರು ತುಂಬಾ ಜನ.

ಪ್ರಶ್ನೆ: ಮುಂದಿನ ತಿಂಗಳು ಕೆಲಸದ ಮೇಲೆ ಒಂದು ವರ್ಷ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ಗೆ ಹೋಗುತ್ತಿದ್ದೇನೆ. ಅಲ್ಲಿ ಮಾಟೆ ಅನ್ನುವ ಎಲೆಯ ಕಷಾಯವನ್ನು ಎಲ್ಲರೂ ಒಂದೇ ಕೊಳವೆಯಲ್ಲಿ ಕುಡಿಯುತ್ತಾರಂತೆ. ನಮ್ಮ ಮನೆಯಲ್ಲಿ ಎಂಜಲು ಅಂದರೆ ತುಂಬಾ ಕಟ್ಟುನಿಟ್ಟು, ನೀರಿನ ಬಾಟಲಿಯನ್ನೂ ಎತ್ತಿಯೇ ಕುಡಿಯುತ್ತೇವೆ. ಬೇಡ ಅಂದರೆ ಬೇಜಾರು ಮಾಡಿಕೊಳ್ಳುತ್ತಾರಾ? (ವಿಜಯನಗರ, ಮೈಸೂರು)

ಉತ್ತರ: ನನ್ನ ಜೊತೆ ಕೆಲಸ ಮಾಡುತ್ತಿದ್ದ ಅರ್ಜೆಂಟೀನಾದ ಗೆಳತಿಯ ಮೇಜಿನ ಮೇಲೆ ಇದು ದಿನಾ ಇರುತ್ತಿತ್ತು. ಮಾಟೆ ಕುಡಿಯುವ ಬುರುಡೆ ನೋಡಿ ನನಗೆ ಆಶ್ಚರ್ಯವಾಯಿತು, ನಮ್ಮ ಸೋರೆಬುರುಡೆಯೇ. ತಂಬೂರಿಗೆ ಬಳಸುತ್ತಾರಲ್ಲ, ಅದೇ ಜಾತಿ, ಕೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಅದಕ್ಕೆ ಮುಕ್ಕಾಲು ಭಾಗ ಒಣ ಎಲೆಯ ಪುಡಿ ಹಾಕಿ, ತುದಿಯಲ್ಲಿ ಜರಡಿ ಇರುವ ಲೋಹದ ಕೊಳವೆ ನಿಲ್ಲಿಸಿ, ಬಿಸಿನೀರು ಸ್ವಲ್ಪ ಸ್ವಲ್ಪವೇ ಹಾಕುತ್ತಾರೆ. ಒಬ್ಬರು ನೀರು ಹಾಕುವವರು, ಮೊದಲ ಸುತ್ತು ಅವರೇ ಕುಡಿಯುತ್ತಾರೆ, ಆಮೇಲೆ ಒಬ್ಬೊಬ್ಬರಿಗೇ ತುಂಬಿಸಿ ಕೊಡುತ್ತಾರೆ. ಸೊರ್ ಅಂತ ಶಬ್ದ ಬರುವವರೆಗೆ ಪೂರ್ತಿ ಕುಡಿದು ವಾಪಸ್ ಕೊಡಬೇಕು. ಕೊಳವೆಯನ್ನು ತಿರುಗಿಸಬಾರದು. ಒಂದು ವಿಷಯ ನೆನಪಿಡಿ, ಗ್ರಾಸಿಯಾಸ್ ಅಂದರೆ ಧನ್ಯವಾದ, ಆದರೆ ಬುರುಡೆ ವಾಪಸ್ ಕೊಡುವಾಗ ಹಾಗಂದರೆ ನನಗಿನ್ನು ಸಾಕು ಅಂತ ಅರ್ಥ. ಗೊತ್ತಿಲ್ಲದೆ ಮೊದಲ ಸಲವೇ ಅಂದುಬಿಟ್ಟರೆ ಮುಂದಿನ ಸುತ್ತಿನಲ್ಲಿ ನಿಮ್ಮನ್ನು ಬಿಟ್ಟುಬಿಡುತ್ತಾರೆ.

ಎಂಜಲಿನ ವಿಷಯದಲ್ಲಿ ನಿಮ್ಮ ಮನಸ್ಸಿಗೆ ವಿರುದ್ಧವಾಗಿ ಏನೂ ಮಾಡಬೇಡಿ. ಚಿಕ್ಕಂದಿನಿಂದ ಬಂದದ್ದು ವಿಮಾನ ಹತ್ತಿದ ಕೂಡಲೇ ಹೋಗುವುದಿಲ್ಲ, ಹೋಗಲೇಬೇಕು ಅಂತಲೂ ಇಲ್ಲ. 2020ರಲ್ಲಿ ಕೊರೋನಾ ಬಂದಾಗ ಹಂಚಿಕೊಳ್ಳಬೇಡಿ ಅಂತ ಅಲ್ಲಿಯೂ ಹೇಳಿದ್ದರು, ತಮ್ಮದೇ ಬುರುಡೆ ಇಟ್ಟುಕೊಳ್ಳುವುದು ಯಾರಿಗೂ ವಿಚಿತ್ರ ಅಲ್ಲ. ಅಲ್ಲಿಗೆ ಹೋದ ಮೊದಲ ವಾರದಲ್ಲೇ ಒಂದು ಬುರುಡೆ, ಒಂದು ಕೊಳವೆ ಕೊಂಡುಕೊಳ್ಳಿ. ಸುತ್ತಿನಲ್ಲಿ ಕುಳಿತು ನಿಮ್ಮದನ್ನು ಕುಡಿಯಿರಿ. ಎದ್ದು ಹೋದರೆ ಬೇಜಾರಾಗಬಹುದು, ಬೇರೆ ಬುರುಡೆ ಹಿಡಿದು ಜೊತೆಗೆ ಕೂತರೆ ಆಗುವುದಿಲ್ಲ. ರುಚಿ ಕಹಿ, ಒಣಗಿದ ಹುಲ್ಲಿನ ವಾಸನೆ, ಸ್ವಲ್ಪ ಹೊಗೆ. ಕುದಿಯುವ ನೀರು ಹಾಕಬೇಡಿ, ಕಹಿ ವಿಪರೀತ ಆಗುತ್ತದೆ, 70ರಿಂದ 80 ಡಿಗ್ರಿ ಸಾಕು, ಅದನ್ನೂ ಸ್ವಲ್ಪ ಆರಿಸಿಯೇ ಕುಡಿಯಿರಿ. ಯಾವ ಪಾನೀಯವೇ ಆಗಲಿ 65 ಡಿಗ್ರಿಗಿಂತ ಬಿಸಿಯಾಗಿ ಕುಡಿಯುವ ಅಭ್ಯಾಸ ಅನ್ನನಾಳದ ಕ್ಯಾನ್ಸರ್‌ಗೆ ಕಾರಣವಾಗುವ ಸಂಭವ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2016ರಲ್ಲಿ ಹೇಳಿದೆ. ಇದರಲ್ಲಿ ಕೆಫೀನ್ ಇದೆ, ರಾತ್ರಿ ಬೇಡ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಹೋದ ಸಲ ಅಮೆರಿಕದಲ್ಲಿ ಮೊಮ್ಮಗ ರೂಟ್ ಬಿಯರ್ ಅಂತ ಕೊಟ್ಟ. ಹೆಸರು ಕೇಳಿಯೇ ಗಾಬರಿ, ಬಾಯಿಗಿಟ್ಟರೆ ಮಂಡಿಗೆ ಹಚ್ಚುವ ಮುಲಾಮಿನ ವಾಸನೆ. ಕೆಳಗಿಟ್ಟೆ, ಮಗು ಸಪ್ಪಗಾದ. ಈ ಸಲ ಏನು ಮಾಡಲಿ? (ಮದ್ದೂರು)

ಉತ್ತರ: ಮೇಷ್ಟ್ರೇ, ಅಂಗಡಿಯಲ್ಲಿ ಮಕ್ಕಳು ಕುಡಿಯುವ ರೂಟ್ ಬಿಯರ್‌ನಲ್ಲಿ ಮದ್ಯ ಇರುವುದಿಲ್ಲ, ಹೆಸರಷ್ಟೇ. ಮೊದಲು ಸಾಸಫ್ರಾಸ್ ಮರದ ಬೇರಿನಿಂದ ಮಾಡುತ್ತಿದ್ದರು. ಅದರಲ್ಲಿರುವ ಸಾಫ್ರೋಲ್ ಅನ್ನುವ ಅಂಶವನ್ನು 1960ರಲ್ಲಿ ಅಮೆರಿಕ ನಿಷೇಧಿಸಿತು, ಈಗ ಬೇರೆ ಪರಿಮಳಗಳಿಂದ ಮಾಡುತ್ತಾರೆ. ನಿಮ್ಮ ಮೂಗು ಹೇಳಿದ್ದು ಸರಿಯಾಗಿಯೇ ಇದೆ. ಅದರಲ್ಲಿ ವಿಂಟರ್‌ಗ್ರೀನ್ ಪರಿಮಳ ಇರುತ್ತದೆ, ನೋವಿನ ಮುಲಾಮಿನಲ್ಲಿ ಇರುವುದೂ ಅದೇ ಮೀಥೈಲ್ ಸ್ಯಾಲಿಸಿಲೇಟ್. ನಿಮಗೆ ಅದು ಮಂಡಿನೋವಿನ ವಾಸನೆ, ಅಲ್ಲಿನ ಮಕ್ಕಳಿಗೆ ಪೆಪ್ಪರ್‌ಮಿಂಟಿನ ಹಾಗೆ ಮಿಠಾಯಿಯ ವಾಸನೆ. ಸೊಗದೆ ಬೇರಿನ ಶರಬತ್ತು ಕುಡಿದ ನೆನಪು ಮಾಡಿಕೊಳ್ಳಿ, ಅದೂ ಬೇರಿನ ಘಮವೇ. ತುಂಬಾ ತಣ್ಣಗಿರಲಿ, ಮೇಲೆ ಒಂದು ಚಮಚ ವೆನಿಲಾ ಐಸ್‌ಕ್ರೀಮ್ ಹಾಕಿಸಿಕೊಳ್ಳಿ, ಅಲ್ಲಿ ಹಾಗೇ ಕುಡಿಯುವ ರೂಢಿ ಇದೆ, ವಾಸನೆ ಮೆತ್ತಗಾಗುತ್ತದೆ. ಮೊಮ್ಮಗನ ಜೊತೆ ಒಂದೇ ಲೋಟಕ್ಕೆ ಎರಡು ಚಮಚ ಹಾಕಿಕೊಂಡು ಕೂತರೆ ಅವನಿಗೆ ಅಷ್ಟೇ ಸಾಕು.

ಪ್ರಶ್ನೆ: ಮಗಳು ಎರಡು ವರ್ಷದಿಂದ ಜಪಾನಿನಲ್ಲಿದ್ದಾಳೆ. ರಜೆಗೆ ಬಂದಿದ್ದಾಳೆ. ಬೆಳಗ್ಗೆ ನಾನು ಕೊಟ್ಟ ಕಾಫಿಯನ್ನು ಅರ್ಧಕ್ಕೇ ಬಿಟ್ಟು, ಅಲ್ಲಿಂದ ತಂದ ಹಸಿರು ಪುಡಿ ಕಲಸಿಕೊಂಡು ಕುಡಿಯುತ್ತಾಳೆ. ಸಿಹಿ ಜಾಸ್ತಿ ಆಯ್ತಮ್ಮ ಅನ್ನುತ್ತಾಳೆ. ಇಪ್ಪತ್ತು ವರ್ಷ ಇದೇ ಕಾಫಿ ಕುಡಿದವಳು. ಸಣ್ಣ ವಿಷಯ ಅಂತ ಗೊತ್ತು, ಆದರೂ ಆ ಲೋಟ ತೊಳೆಯುವಾಗ ಅಳು ಬರುತ್ತದೆ. (ಕುವೆಂಪುನಗರ, ಮೈಸೂರು)

ಉತ್ತರ: ಅಕ್ಕಾ, ಸಣ್ಣ ವಿಷಯ ಅಲ್ಲ. ಬೆಳಗ್ಗೆ ಫಿಲ್ಟರ್‌ಗೆ ಪುಡಿ ಹಾಕಿ, ಡಿಕಾಕ್ಷನ್ ಇಳಿಯುವುದನ್ನು ಕಾದು, ಮೊದಲ ಲೋಟ ಅವಳಿಗೇ ಅಂತ ಎತ್ತಿಟ್ಟಿರುತ್ತೀರಿ. ಅದು ಅರ್ಧ ವಾಪಸ್ ಬಂದರೆ ನೋವಾಗುತ್ತದೆ.

ಆದರೆ ಅವಳು ಹೇಳಿದ್ದು ಸಿಹಿ ಜಾಸ್ತಿ ಅಂತ ಮಾತ್ರ. ಅದು ನಿಜವೇ ಇರಬೇಕು. ಜಪಾನಿನಲ್ಲಿ ಹಸಿರು ಟೀಗೆ ಹಾಲು, ಸಕ್ಕರೆ ಹಾಕುವುದಿಲ್ಲ. ಬೇಸಿಗೆಯಲ್ಲಿ ಹುರಿದ ಬಾರ್ಲಿಯ ಟೀ ತಣ್ಣಗೆ ಕುಡಿಯುತ್ತಾರೆ, ಅದಕ್ಕೂ ಇಲ್ಲ. ಎರಡು ವರ್ಷ ಹಾಗಿದ್ದ ನಾಲಿಗೆಗೆ ಎರಡು ಚಮಚ ಸಕ್ಕರೆ ನಾಲ್ಕರ ಹಾಗೆ ಕಾಣುತ್ತದೆ. ನಾನು ವಾಪಸ್ ಬಂದಾಗ ನನ್ನಮ್ಮನ ಕಾಫಿಯೂ ನನಗೆ ಹಾಗೇ ಅನಿಸಿತ್ತು, ಹೇಳಲು ಧೈರ್ಯ ಸಾಲದೆ ಒಂದು ತಿಂಗಳು ಸುಮ್ಮನಿದ್ದೆ. ನಿಮ್ಮ ಮಗಳು ಹೇಳಿದ್ದಾಳೆ, ಅದು ಒಳ್ಳೆಯದೇ. ನಾಳೆ ಅವಳ ಲೋಟಕ್ಕೆ ಸಕ್ಕರೆ ಹಾಕಬೇಡಿ, ಡಿಕಾಕ್ಷನ್ ಒಂದು ಪಾಲು ಜಾಸ್ತಿ ಇರಲಿ. ಸಕ್ಕರೆ ಡಬ್ಬ ಪಕ್ಕದಲ್ಲಿಡಿ.

ಇನ್ನೊಂದು ಕೇಳಿಕೊಳ್ಳುತ್ತೇನೆ. ಅವಳ ಆ ಹಸಿರು ಪುಡಿಯನ್ನು ನೀವೂ ಒಮ್ಮೆ ಕುಡಿಯಿರಿ. ಮಾಚಾ ಅಂತ ಅದರ ಹೆಸರು, ಟೀ ಎಲೆಯನ್ನೇ ನುಣ್ಣಗೆ ಬೀಸಿದ್ದು. ಸುಮ್ನೆ ಕುಡಿದರೆ ಕಹಿ, ಸೊಪ್ಪಿನ ವಾಸನೆ ಅನಿಸಬಹುದು. ಜಪಾನಿನವರು ಅದಕ್ಕೂ ಮೊದಲು ಒಂದು ತುಂಡು ಸಿಹಿ ತಿನ್ನುತ್ತಾರೆ, ಆ ಸಿಹಿ ಬಾಯಲ್ಲಿರುವಾಗಲೇ ಕಹಿ ಕುಡಿಯುತ್ತಾರೆ. ನೀವಿರುವುದು ಮೈಸೂರಿನಲ್ಲಿ, ಸಿಹಿಗೆ ಬರವಿಲ್ಲ. ಸಂಜೆ ಒಂದು ತುಂಡು ಮೈಸೂರು ಪಾಕ್ ಬಾಯಿಗೆ ಹಾಕಿಕೊಳ್ಳಿ, ಆ ತುಪ್ಪ ಕರಗುವಾಗ ಮಗಳಿಗೆ ಒಂದು ಬಟ್ಟಲು ಕಲಸಿಕೊಡು ಅನ್ನಿ. ಬಿದಿರಿನ ಕಡ್ಡಿಗಳ ಪುಟ್ಟ ಕಡಗೋಲು ತಂದಿದ್ದರೆ ನೊರೆ ಬರುವ ಹಾಗೆ ಕಲಸುವುದನ್ನು ಪಕ್ಕದಲ್ಲೇ ನಿಂತು ನೋಡಿ. ಬಾರ್ಲಿ ಟೀ ತಂದಿದ್ದರೆ ಅದನ್ನೂ ಕೇಳಿ, ಹುರಿಹಿಟ್ಟಿಗೆ ರಾಗಿ ಹುರಿಯುವಾಗ ಮನೆ ತುಂಬಾ ಬರುತ್ತದಲ್ಲ, ಹೆಚ್ಚು ಕಡಿಮೆ ಆ ಘಮವೇ.

ಮೊದಲ ದಿನ ಇಷ್ಟವಾಗದಿದ್ದರೆ ಮೂರು ಗುಟುಕಿಗೆ ನಿಲ್ಲಿಸಿ, ಮಾರನೆಯ ದಿನ ಮತ್ತೆ ಮೂರು ಗುಟುಕು. ಅವಳ ರಜೆ ಮುಗಿಯುವುದರೊಳಗೆ ಎಷ್ಟನೇ ದಿನಕ್ಕೆ ರುಚಿ ಹತ್ತಿತು ಅಂತ ನನಗೊಂದು ಪತ್ರ ಬರೆಯಿರಿ.