ಹಗ್ಗ ಕೇಳುವ ಮೊದಲು ಸಾಕ್ಷಿಯನ್ನು ಉಳಿಸಿಕೊಳ್ಳೋಣ, ಮೇಷ್ಟ್ರೇ

ಶಿಡ್ಲಘಟ್ಟ ತಾಲ್ಲೂಕಿನ ನಿವೃತ್ತ ಮೇಷ್ಟ್ರೊಬ್ಬರ ಪತ್ರ: "ಮಕ್ಕಳ ಮೇಲೆ ಕೈ ಹಾಕುವವರನ್ನು ಮೂರು ತಿಂಗಳೊಳಗೆ ಗಲ್ಲಿಗೆ ಹಾಕಬೇಕು. ಅಪೀಲು, ಕ್ಷಮಾದಾನ ಎಲ್ಲ ತೆಗೆದುಹಾಕಬೇಕು. ಹೋದ ಸಂಚಿಕೆಯಲ್ಲಿ ನೀವು ಮರಣದಂಡನೆ ಬೇಡ ಎಂದು ಬರೆದಿದ್ದೀರಿ. ನಿಮ್ಮ ಮನೆಯ ಮಗುವಿಗೇ ಹೀಗಾಗಿದ್ದರೆ ಹಾಗೆ ಬರೆಯುತ್ತಿದ್ದಿರಾ?"

ಸಂಪಾದಕರ ಉತ್ತರ:

ಮೇಷ್ಟ್ರೇ, ನಮಸ್ಕಾರ. ನಿಮ್ಮ ಕೊನೆಯ ಪ್ರಶ್ನೆಗೇ ಮೊದಲು ಉತ್ತರ ಕೊಡುತ್ತೇನೆ. ನಮ್ಮ ಮನೆ ಮಗುವಿಗೆ ಹಾಗಾಗಿದ್ದರೆ ನಾನೇ ಮಚ್ಚು ಹಿಡಿದು ಹೊರಡುತ್ತಿದ್ದೆನೇನೋ. ಹೆತ್ತವರ ಸಂಕಟಕ್ಕೆ ಅಳತೆ ಇಲ್ಲ. ಅದಕ್ಕೇ ಅಲ್ವಾ, ಶಿಕ್ಷೆ ಕೊಡುವ ಕೆಲಸವನ್ನು ಹೆತ್ತವರ ಕೈಗೆ ಬಿಡದೆ ಕೋರ್ಟಿಗೆ ಒಪ್ಪಿಸಿರುವುದು? ಗಲ್ಲು ಬೇಕು ಅನ್ನುವವರೆಲ್ಲ ಕ್ರೂರಿಗಳು ಎಂದು ನಾನು ಹೇಳುವುದಿಲ್ಲ. 1967ರಲ್ಲಿ ಕಾನೂನು ಆಯೋಗವೇ ಗಲ್ಲು ಇರಲಿ ಎಂದಿತ್ತು. 1980ರಲ್ಲಿ ಬಚನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು, ಅಪರೂಪದಲ್ಲಿ ಅಪರೂಪವಾದ ಪ್ರಕರಣಕ್ಕೆ ಗಲ್ಲು ಕೊಡಬಹುದು ಎಂದರು. ದೊಡ್ಡವರೇ ನಿಮ್ಮ ಕಡೆ ಇದ್ದಾರೆ, ಒಪ್ಪಿದೆ.

ಆದರೆ ಅಪೀಲೇ ಬೇಡ ಅಂದಿರಲ್ಲ, ಅದನ್ನು ಓದಿ ನನಗೆ ನಿಜಕ್ಕೂ ಬೇಜಾರಾಯಿತು. ಜೀವನವಿಡೀ ಮಕ್ಕಳ ಪತ್ರಿಕೆ ತಿದ್ದಿದವರು ನೀವು. ಎಸ್ಸೆಸ್ಸೆಲ್ಸಿ ಪತ್ರಿಕೆಗೂ ಮರು ಎಣಿಕೆ, ಮರು ಮೌಲ್ಯಮಾಪನ ಇದೆ. ಜೀವಕ್ಕೆ ಬೇಡವೇ?

ಮಹಾರಾಷ್ಟ್ರದ ಅಂಕುಶ್ ಮಾರುತಿ ಶಿಂಧೆ ಪ್ರಕರಣ ಕೇಳಿ. ಅಲೆಮಾರಿ ಸಮುದಾಯದ ಆರು ಜನ ಬಡವರು. 2003ರಲ್ಲಿ ನಡೆದ ಕೊಲೆ, ಅತ್ಯಾಚಾರದ ಕೇಸು. ಕೆಳಗಿನ ಕೋರ್ಟು ಆರೂ ಜನಕ್ಕೆ ಗಲ್ಲು ಎಂದಿತು. ಹೈಕೋರ್ಟು ಮೂವರಿಗೆ ಜೀವಾವಧಿ ಮಾಡಿತು. 2009ರಲ್ಲಿ ಸುಪ್ರೀಂ ಕೋರ್ಟು ಮತ್ತೆ ಆರೂ ಜನಕ್ಕೆ ಗಲ್ಲು ಎಂದಿತು. ಹತ್ತು ವರ್ಷ ಕಳೆದ ಮೇಲೆ, 2019ರಲ್ಲಿ, ಅದೇ ಸುಪ್ರೀಂ ಕೋರ್ಟು ಕೇಸನ್ನು ಮತ್ತೆ ಬಿಚ್ಚಿ ನೋಡಿತು. ಕಣ್ಣಾರೆ ಕಂಡಿದ್ದ ಸಾಕ್ಷಿ ಪೊಲೀಸರ ಫೋಟೋಗಳಲ್ಲಿ ಮೊದಲು ಗುರುತಿಸಿದ್ದು ಬೇರೆ ನಾಲ್ವರನ್ನು, ಪೊಲೀಸರು ಅವರ ತಂಟೆಗೇ ಹೋಗಿರಲಿಲ್ಲ! ಆರೂ ಜನ ಖುಲಾಸೆ, ತಲಾ 5 ಲಕ್ಷ ಪರಿಹಾರ. ಅಷ್ಟರಲ್ಲಿ 16 ವರ್ಷ ಜೈಲಿನಲ್ಲೇ ಕಳೆದುಹೋಗಿತ್ತು. ಅವರಲ್ಲಿ ಒಬ್ಬ ಘಟನೆ ನಡೆದಾಗ ಇನ್ನೂ ಹುಡುಗ. ನೀವು ಹೇಳಿದ ಮೂರು ತಿಂಗಳ ಲೆಕ್ಕ ಹಿಡಿದಿದ್ದರೆ ಆ 5 ಲಕ್ಷವನ್ನು ಯಾರ ಕೈಗೆ ಕೊಡುತ್ತಿದ್ದರು?

ನಮ್ಮ ರಾಜ್ಯದ್ದೇ ಇನ್ನೊಂದು. 1993ರ ಪಾಲಾರ್ ಬಾಂಬ್ ಸ್ಫೋಟ ನಿಮಗೆ ನೆನಪಿರುತ್ತದೆ, 22 ಜನ ಸತ್ತರು. ವೀರಪ್ಪನ್ನನ ನಾಲ್ವರು ಸಹಚರರಿಗೆ ಮೈಸೂರಿನ ಟಾಡಾ (ಭಯೋತ್ಪಾದನೆ ತಡೆ ಕಾಯ್ದೆಯ) ಕೋರ್ಟು ಜೀವಾವಧಿ ಕೊಟ್ಟಿತು. ಅವರು ಅಪೀಲು ಹೋದರೆ 2004ರಲ್ಲಿ ಸುಪ್ರೀಂ ಕೋರ್ಟು ಅದನ್ನು ಗಲ್ಲಿಗೆ ಏರಿಸಿತು. 2014ರಲ್ಲಿ, ಕ್ಷಮಾದಾನದ ಅರ್ಜಿಯ ತೀರ್ಮಾನ ಅತಿಯಾಗಿ ತಡವಾಯಿತು ಎಂದು ಮತ್ತೆ ಜೀವಾವಧಿಗೆ ಇಳಿಸಿತು. ಕೇಸು ಒಂದೇ, ಅಪರಾಧವೂ ಒಂದೇ. ಯಾವ ಕೋರ್ಟು, ಯಾವ ವರ್ಷ ಅನ್ನುವುದರ ಮೇಲೆ ಮನುಷ್ಯ ಬದುಕುವುದೋ ಸಾಯುವುದೋ ತೀರ್ಮಾನವಾಗುತ್ತದೆ ಅಂದರೆ ಅದನ್ನು ನ್ಯಾಯ ಅನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಇದೆಲ್ಲ ದೂರದ ಮಾತಾಯಿತು. ಮೇಷ್ಟ್ರೇ, ನಿಮ್ಮ ಊರಿಂದ ಕಂಬಾಲಪಲ್ಲಿ ಎಷ್ಟು ದೂರ? 2000ದ ಮಾರ್ಚ್ 11. ಚಿಂತಾಮಣಿ ತಾಲ್ಲೂಕು, ಆಗಿನ್ನೂ ಕೋಲಾರ ಜಿಲ್ಲೆ. ಏಳು ಜನ ದಲಿತರನ್ನು ಮನೆಯೊಳಗೆ ಕೂಡಿ ಬೆಂಕಿ ಹಚ್ಚಿ ಸುಟ್ಟರು. ಇಡೀ ದೇಶ ನಮ್ಮ ಜಿಲ್ಲೆಯ ಕಡೆ ತಿರುಗಿ ನೋಡಿತು. ಮಂತ್ರಿಗಳು ಬಂದರು, ಭಾಷಣ ಆಯಿತು. ಆಗಲೂ ಕಾನೂನಿನಲ್ಲಿ ಗಲ್ಲು ಇತ್ತು. ಇದು ಅಪರೂಪದಲ್ಲಿ ಅಪರೂಪ ಅಲ್ಲದಿದ್ದರೆ ಇನ್ಯಾವುದು? ಆದರೆ ಸಾಕ್ಷಿಗಳು ಒಬ್ಬರಾದ ಮೇಲೆ ಒಬ್ಬರು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಏಳು ಜೀವಕ್ಕೆ ಒಬ್ಬರಿಗೂ ಶಿಕ್ಷೆ ಆಗಲಿಲ್ಲ. ಗಲ್ಲು ಬಿಡಿ, ಒಂದು ವರ್ಷದ ಜೈಲೂ ಇಲ್ಲ.

ನನ್ನ ಹಟ ಇರುವುದು ಇಲ್ಲೇ. ಹಗ್ಗ ಇತ್ತು, ಹಗ್ಗದ ತನಕ ಕೇಸನ್ನು ತಂದು ನಿಲ್ಲಿಸುವವರು ಇರಲಿಲ್ಲ.

ಸಾಕ್ಷಿ ಯಾಕೆ ತಿರುಗಿಬೀಳುತ್ತಾರೆ ಎಂದು ನೋಡಬೇಕಾದರೆ ಒಂದು ದಿನ ಕೋರ್ಟಿನ ವರಾಂಡದಲ್ಲಿ ಸುಮ್ನೆ ಕೂತುಕೊಳ್ಳಿ. ನಮ್ಮ ಕಡೆಯ ಒಂದು ಕೋರ್ಟಿಗೆ ಕೊಲೆ ಕೇಸೊಂದರ ವಿಚಾರಣೆ ನೋಡಲು ಹೋಗಿದ್ದೆ. ಸಾಕ್ಷಿ ಹೇಳಬೇಕಾದ ಹೆಣ್ಣುಮಗಳು ರೇಷ್ಮೆ ಹುಳ ಸಾಕುವವರು. ಹುಳ ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಬಿಟ್ಟು, ಎದ್ದಿತ್ತು. ಆಗ ಒಂದು ಹೊತ್ತು ಸೊಪ್ಪು ತಪ್ಪಿದರೂ ಗೂಡು ಏನಾಗುತ್ತದೆ ಎಂದು ಶಿಡ್ಲಘಟ್ಟದವರಿಗೆ ನಾನು ಹೇಳಬೇಕಿಲ್ಲ. ಪಕ್ಕದ ಮನೆಯವರ ಕೈಕಾಲು ಹಿಡಿದು ಹುಳ ಒಪ್ಪಿಸಿ, ಬೆಳಗಿನ ಬಸ್ಸಿಗೆ ಬಂದಿದ್ದರು. ಅದೇ ಬಸ್ಸಿನಲ್ಲಿ ಆರೋಪಿಯ ಅಣ್ಣತಮ್ಮಂದಿರೂ ಬಂದಿದ್ದರು. ವರಾಂಡದಲ್ಲಿ ಇದ್ದುದು ಒಂದೇ ಬೆಂಚು. ಆ ತುದಿಗೆ ಅವರು, ಈ ತುದಿಗೆ ಈಕೆ, ಸಮನ್ಸ್ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಮುಷ್ಟಿಯಲ್ಲಿ ಹಿಡಿದುಕೊಂಡು. ಅವರು ಏನೂ ಬೈಯಲಿಲ್ಲ. ಸುಮ್ನೆ ನೋಡುತ್ತಿದ್ದರು, ಅಷ್ಟೇ. ಮಧ್ಯಾಹ್ನ ಮೂರರ ಮೇಲೆ ಮುಂದಿನ ವಾಯಿದೆ ಎಂದರು. ಸಂಜೆ ಮತ್ತೆ ಅದೇ ಬಸ್ಸು, ಅದೇ ಜನ. ಹೀಗೆ ನಾಲ್ಕು ವಾಯಿದೆ ಆದ ಮೇಲೆ ಅಂಥವರೊಬ್ಬರು "ನಾನೇನೂ ನೋಡಿಲ್ಲ ಸ್ವಾಮಿ" ಅಂದರೆ ತಪ್ಪು ಯಾರದು?

ಸಾಕ್ಷಿಗಳ ರಕ್ಷಣೆಗೆ ಯೋಜನೆ ಇಲ್ಲವೇ ಅಂದರೆ ಇದೆ. 2018ರಲ್ಲಿ ಸುಪ್ರೀಂ ಕೋರ್ಟೇ ಒಪ್ಪಿ ಜಾರಿ ಮಾಡಿ ಎಂದಿದೆ. ನಿಮ್ಮ ಊರಿನಲ್ಲಿ ಎಷ್ಟು ಜನಕ್ಕೆ ಅದರ ಹೆಸರು ಗೊತ್ತು, ಒಮ್ಮೆ ಕೇಳಿ ನೋಡಿ. ಅದೇ 2018ರಲ್ಲಿ 12 ವರ್ಷದೊಳಗಿನ ಹೆಣ್ಣುಮಗುವಿನ ಅತ್ಯಾಚಾರಕ್ಕೆ ಗಲ್ಲೂ ಕೊಡಬಹುದು ಎಂದು ಕಾನೂನು ಬಂತು. ಅದು ಮಾತ್ರ ಎಲ್ಲರಿಗೂ ಗೊತ್ತು. ಗಲ್ಲು ಎಂದು ಬರೆಯಲು ಸರ್ಕಾರಕ್ಕೆ ದುಡ್ಡು ಖರ್ಚಾಗುವುದಿಲ್ಲ. ತನಿಖೆಗೆ ಜನ, ಲ್ಯಾಬ್, ಕೇಸು ಓದಿಕೊಂಡು ಬರುವ ಸರ್ಕಾರಿ ವಕೀಲರು, ಸಾಕ್ಷಿಗೆ ಕಾವಲು, ಇದಕ್ಕೆಲ್ಲ ಖರ್ಚಾಗುತ್ತದೆ. 2012ರ ದೆಹಲಿ ಸಾಮೂಹಿಕ ಅತ್ಯಾಚಾರದ ನಂತರ ಕೂತ ನ್ಯಾಯಮೂರ್ತಿ ವರ್ಮಾ ಸಮಿತಿ 2013ರಲ್ಲಿ ಅತ್ಯಾಚಾರಕ್ಕೆ ಗಲ್ಲು ಶಿಫಾರಸು ಮಾಡಲೇ ಇಲ್ಲ. ಇನ್ನೊಂದು ಮಾತು ಕೇಳಲು ಕಷ್ಟ, ಆದರೂ ಹೇಳುತ್ತೇನೆ. ಮಕ್ಕಳ ಮೇಲೆ ಕೈ ಹಾಕುವವನು ಬಹಳ ಸಲ ಮನೆಯವನೇ, ಮಾವನೋ ಚಿಕ್ಕಪ್ಪನೋ. ಅವನಿಗೆ ಗಲ್ಲಾಗುತ್ತದೆ ಅಂದರೆ ಮನೆಯವರೇ ಮಗುವಿನ ಬಾಯಿ ಮುಚ್ಚಿಸುತ್ತಾರೆ.

ಟಿವಿಯವರ ಮೇಲೆ ನನಗೆ ಸಿಟ್ಟು ಜಾಸ್ತಿ. 2019ರಲ್ಲಿ ಹೈದರಾಬಾದಿನಲ್ಲಿ ಪಶುವೈದ್ಯೆಯ ಕೊಲೆಯಾಗಿ, ಪೊಲೀಸರು ನಾಲ್ವರು ಆರೋಪಿಗಳನ್ನು ಗುಂಡಿಟ್ಟು ಕೊಂದರಲ್ಲ, ಆವತ್ತು ತೆಲುಗು ಚಾನೆಲ್ ನೋಡಿಕೊಂಡು ನಮ್ಮ ಬಾಗೇಪಲ್ಲಿ, ಗೌರಿಬಿದನೂರು ಕಡೆಯೂ ಸಿಹಿ ಹಂಚಿದ ಮಾತು ಕೇಳಿದೆ. 2022ರಲ್ಲಿ ನ್ಯಾಯಮೂರ್ತಿ ಸಿರ್ಪುರ್ಕರ್ ಆಯೋಗ, ಪೊಲೀಸರು ಕೊಲ್ಲಬೇಕೆಂದೇ ಗುಂಡು ಹಾರಿಸಿದರು, ಅವರು ಹೇಳಿದ ಕತೆ ನಂಬುವಂಥದ್ದಲ್ಲ ಎಂದು ವರದಿ ಕೊಟ್ಟಿತು. ಅದನ್ನು ಎಷ್ಟು ಚಾನೆಲ್ಲುಗಳು ರಾತ್ರಿಯಿಡೀ ತೋರಿಸಿದವು? ಅಷ್ಟೇ ಅಲ್ಲ, ಆರೋಪಿ ಪರ ಯಾರೂ ವಕಾಲತ್ತು ಹಾಕಬಾರದು ಎಂದು ವಕೀಲರ ಸಂಘಗಳೇ ನಿರ್ಣಯ ಮಾಡುವುದಿದೆ. ಅದು ತಪ್ಪು ಎಂದು ಸುಪ್ರೀಂ ಕೋರ್ಟು 2010ರಲ್ಲೇ ಹೇಳಿದೆ. ಇವತ್ತಿಗೂ ನಿಂತಿಲ್ಲ.

ಇನ್ನು, ಜಿಲ್ಲಾಧಿಕಾರಿಗಳಿಗೆ ಕೊಡುವ ಮನವಿಯ ಪ್ರತಿ ಕಳಿಸಿ ನಮ್ಮ ಸಹಿ ಕೇಳಿದ್ದೀರಿ. ಗಲ್ಲಿನ ಸಾಲು ಅದರಲ್ಲಿ ಇರುವ ತನಕ ನಾನು ಸಹಿ ಹಾಕುವುದಿಲ್ಲ. ಆ ಸಾಲು ತೆಗೆದು, ತಾಲ್ಲೂಕು ಕೋರ್ಟುಗಳಲ್ಲಿ ಸಾಕ್ಷಿಗಳಿಗೆ ಬೇರೆ ಕೊಠಡಿ, ಬಂದ ದಿನವೇ ಭತ್ಯೆ, ಬೆದರಿಕೆ ಇದ್ದರೆ ಊರು ಮುಟ್ಟುವ ತನಕ ಪೊಲೀಸ್ ಕಾವಲು ಎಂದು ಬರೆಯಿರಿ. ನಿಮ್ಮ ಕೈಬರಹ ಚೆನ್ನಾಗಿದೆ, ಭಾಷೆ ಅದಕ್ಕಿಂತ ಚೆನ್ನಾಗಿದೆ. ಮುಂದಿನ ಸಂಚಿಕೆಯಲ್ಲಿ ಪೂರ್ತಿಯಾಗಿ ಅಚ್ಚು ಹಾಕುತ್ತೇನೆ, ಸಹಿಗೆ ನಾನೇ ಶಿಡ್ಲಘಟ್ಟಕ್ಕೆ ಬರುತ್ತೇನೆ.