ಸ್ಟಾರ್ ಆಟಗಾರ ನಮ್ಮ ತಂಡಕ್ಕೆ ಬರ್ತಾರಾ? ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ವದಂತಿಗಳ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನಾನು ಫೀನಿಕ್ಸ್ ಸನ್ಸ್ ಅಭಿಮಾನಿ. 2025ರ ಜನವರಿ ಪೂರ್ತಿ ‘ಮಯಾಮಿಯ ಜಿಮ್ಮಿ ಬಟ್ಲರ್ ಸನ್ಸ್‌ಗೆ’ ಅನ್ನೋ ಸುದ್ದಿಯನ್ನೇ ಓದಿದ್ದೆ. ಅವರಿಗೂ ಮನಸ್ಸಿದೆ, ನಮ್ಮವರಿಗೂ ಬೇಕು ಅಂತ ಎಲ್ಲರೂ ಬರೆದರು. ಕೊನೆಗೆ ಅವರು ಗೋಲ್ಡನ್ ಸ್ಟೇಟ್‌ಗೆ ಹೋದರು. ಎಲ್ಲಿ ಎಡವಟ್ಟಾಯ್ತು? (ಎಂಜಿನಿಯರಿಂಗ್ ವಿದ್ಯಾರ್ಥಿ, ಮೈಸೂರು)

ಉತ್ತರ: ಮನಸ್ಸು ಕೂಡಿತ್ತು, ಲೆಕ್ಕ ಕೂಡಲಿಲ್ಲ. ಎನ್‌ಬಿಎಯಲ್ಲಿ ಬಹುಪಾಲು ವದಂತಿಗಳು ಸಾಯುವುದು ಇಲ್ಲೇ. ಹಾಗಾಗಿ ಈ ಪ್ರಕರಣವನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

2024-25ರಲ್ಲಿ ಒಂದು ತಂಡದ ಸಂಬಳದ ಮಿತಿ, ಅಂದರೆ ಸ್ಯಾಲರಿ ಕ್ಯಾಪ್, ಸುಮಾರು 14.06 ಕೋಟಿ ಡಾಲರ್ ಇತ್ತು. ಸನ್ಸ್‌ನಲ್ಲಿ ಕೆವಿನ್ ಡ್ಯುರಾಂಟ್, ಡೆವಿನ್ ಬುಕರ್, ಬ್ರಾಡ್ಲಿ ಬೀಲ್ ಮೂವರ ಸಂಬಳ ಸೇರಿಸಿದರೇ ಅದು 15 ಕೋಟಿ ದಾಟುತ್ತಿತ್ತು. ಸ್ವಂತ ಆಟಗಾರರನ್ನು ಉಳಿಸಿಕೊಳ್ಳಲು, ಟ್ರೇಡ್ (ತಂಡಗಳ ನಡುವೆ ಆಟಗಾರರ ವಿನಿಮಯ) ಮಾಡಲು ಮಿತಿ ಮೀರುವುದಕ್ಕೆ ನಿಯಮದಲ್ಲೇ ದಾರಿಗಳಿವೆ, ಆದ್ದರಿಂದ ಮೀರಿದ್ದು ಅಪರಾಧವಲ್ಲ. ಆದರೆ ಲೀಗ್ ಮತ್ತು ಆಟಗಾರರ ಸಂಘದ ನಡುವಿನ 2023ರ ಹೊಸ ಒಪ್ಪಂದ ಮೇಲೆ ಇನ್ನೊಂದು ಗೆರೆ ಎಳೆಯಿತು. ಅದನ್ನು ‘ಸೆಕೆಂಡ್ ಏಪ್ರನ್’ ಎನ್ನುತ್ತಾರೆ, ಆ ವರ್ಷ ಅದು ಸುಮಾರು 18.9 ಕೋಟಿ. ಅದನ್ನು ದಾಟಿದ ತಂಡ ಇಬ್ಬರು ಮೂವರ ಸಂಬಳ ಒಟ್ಟುಗೂಡಿಸಿ ಒಬ್ಬ ದುಬಾರಿ ಆಟಗಾರನನ್ನು ತರುವಂತಿಲ್ಲ, ಕಳಿಸಿದ್ದಕ್ಕಿಂತ ಹೆಚ್ಚು ಸಂಬಳವನ್ನು ಒಳಗೆ ತರುವಂತಿಲ್ಲ, ಟ್ರೇಡ್‌ನಲ್ಲಿ ನಗದು ಕೊಡುವಂತಿಲ್ಲ. ಸನ್ಸ್ ಈ ಗೆರೆಯಾಚೆ ಇತ್ತು.

ಈಗ ಬಟ್ಲರ್ ಅವರನ್ನು ನೋಡಿ. ಅವರ ಸಂಬಳ ಸುಮಾರು 4.88 ಕೋಟಿ. ಅಷ್ಟು ಅಥವಾ ಅದಕ್ಕಿಂತ ಹೆಚ್ಚು ಪಡೆಯುವ ಒಬ್ಬನೇ ಆಟಗಾರನನ್ನು ಸನ್ಸ್ ಬಿಟ್ಟುಕೊಡಬೇಕಿತ್ತು. ನಾಲ್ಕನೆಯ ದೊಡ್ಡ ಸಂಬಳ ಯೂಸುಫ್ ನುರ್ಕಿಚ್ ಅವರದು, ಅದು 2 ಕೋಟಿಯೂ ಇಲ್ಲ. ಬುಕರ್ ಅವರನ್ನು ಕೊಡುವ ಮಾತೇ ಇರಲಿಲ್ಲ. ಡ್ಯುರಾಂಟ್ ಜೊತೆ ಆಡಿಸಲೆಂದೇ ಬಟ್ಲರ್ ಬೇಕಾಗಿದ್ದರು. ಉಳಿದವರು ಬೀಲ್ ಒಬ್ಬರೇ, ಅವರ ಸಂಬಳ ಸುಮಾರು 5.02 ಕೋಟಿ. ಆದರೆ 2022ರಲ್ಲಿ ವಾಷಿಂಗ್ಟನ್ ಜೊತೆ ಸಹಿ ಮಾಡುವಾಗ ಬೀಲ್ ‘ನನ್ನ ಒಪ್ಪಿಗೆ ಇಲ್ಲದೆ ಟ್ರೇಡ್ ಮಾಡಬಾರದು’ ಎಂಬ ಷರತ್ತು ಬರೆಸಿಕೊಂಡಿದ್ದರು. ಎಂಟು ವರ್ಷ ಲೀಗ್‌ನಲ್ಲಿ ಆಡಿ, ಅದರಲ್ಲಿ ನಾಲ್ಕು ವರ್ಷ ಅದೇ ತಂಡಕ್ಕೆ ಆಡಿದವರಿಗೆ ಮಾತ್ರ ಸಿಗಬಹುದಾದ ಷರತ್ತಿದು. 2023ರಲ್ಲಿ ಬೀಲ್ ಫೀನಿಕ್ಸ್‌ಗೆ ಬಂದಾಗ ಅದೂ ಜೊತೆಗೇ ಬಂತು.

ಅಂದರೆ ಇಡೀ ವದಂತಿ ನಿಂತಿದ್ದು ಬೀಲ್ ಅವರ ‘ಹೂಂ’ ಮೇಲೆ, ಜೊತೆಗೆ ಅವರ ದೊಡ್ಡ ಒಪ್ಪಂದವನ್ನು ಹೊರಲು ತಯಾರಿರುವ ಇನ್ನೊಂದು ತಂಡದ ಮೇಲೆ. ಸನ್ಸ್ ಕೈಕಟ್ಟಿ ಕೂತಿರಲಿಲ್ಲ. ತನ್ನ 2031ರ ಮೊದಲ ಸುತ್ತಿನ ಡ್ರಾಫ್ಟ್ ಪಿಕ್ (ಹೊಸ ಆಟಗಾರನನ್ನು ಆರಿಸಿಕೊಳ್ಳುವ ಸರದಿ) ಒಂದನ್ನು ಯೂಟಾಗೆ ಕೊಟ್ಟು, ಬದಲಿಗೆ ಮೂರು ಚಿಕ್ಕ ಮೌಲ್ಯದ ಪಿಕ್‌ಗಳನ್ನು ತಂದುಕೊಂಡಿತ್ತು, ಟ್ರೇಡ್‌ಗೆ ಸೇರಿಸಿ ಕೊಡಲು ಏನಾದರೂ ಇರಲಿ ಅಂತ. ಫೆಬ್ರುವರಿ 5ರಂದು ಗೋಲ್ಡನ್ ಸ್ಟೇಟ್ ಆಂಡ್ರೂ ವಿಗ್ಗಿನ್ಸ್ ಮತ್ತಿತರರ ಸಂಬಳ ಒಟ್ಟುಗೂಡಿಸಿ ಬಟ್ಲರ್ ಅವರನ್ನು ಒಯ್ದಿತು. ಸನ್ಸ್‌ಗೆ ನಿಷೇಧವಾಗಿದ್ದು ಈ ಒಟ್ಟುಗೂಡಿಸುವಿಕೆಯೇ.

ಮುಂದಿನ ಸಲ ಇಂಥ ಸುದ್ದಿ ಬಂದರೆ ಆಟಗಾರನ ಆಸೆ ಏನು ಅಂತ ಹುಡುಕುವ ಮೊದಲು ನಿಮ್ಮ ತಂಡದ ಸಂಬಳದ ಪಟ್ಟಿ ತೆಗೆದು ನೋಡಿ. ಸಾಮಾಜಿಕ ಜಾಲತಾಣದಲ್ಲಿ ಸಾವಿರ ಪೋಸ್ಟ್ ಓದಿದರೂ ತಿಳಿಯದ್ದು ಆ ಒಂದು ಪುಟದಲ್ಲಿ ತಿಳಿಯುತ್ತದೆ.

ಪ್ರಶ್ನೆ: ಸ್ಟಾರ್ ಆಟಗಾರ ಬಾಯಿಬಿಟ್ಟು ‘ನನಗೆ ಇಂಥದೇ ತಂಡ ಬೇಕು’ ಅಂದರೆ ತಂಡ ಕೊಡಲೇಬೇಕಲ್ಲವೇ? ಈಗೆಲ್ಲ ನಡೆಯೋದು ಆಟಗಾರರ ಮಾತೇ ಅಂತಾರೆ. (ಸಾಫ್ಟ್‌ವೇರ್ ಉದ್ಯೋಗಿ, ಸಾಂತಾ ಕ್ಲಾರಾ)

ಉತ್ತರ: ಕೊಡಬೇಕೆಂದೇನೂ ಇಲ್ಲ. 2023ರ ಜುಲೈನಲ್ಲಿ ಡೇಮಿಯನ್ ಲಿಲ್ಲಾರ್ಡ್ ಪೋರ್ಟ್‌ಲ್ಯಾಂಡ್ ಬಿಡುತ್ತೇನೆ, ಮಯಾಮಿಗೇ ಹೋಗಬೇಕು ಎಂದರು. ಬೇಸಿಗೆಯಿಡೀ ಅಭಿಮಾನಿಗಳು ಅವರಿಗೆ ಮಯಾಮಿ ಜೆರ್ಸಿ ತೊಡಿಸಿದ ಚಿತ್ರಗಳನ್ನು ಹಂಚಿದರು. ಮಯಾಮಿ ಬಿಟ್ಟು ಬೇರೆಲ್ಲೂ ಆಡುವುದಿಲ್ಲ ಎಂಬ ಮಾತು ಮತ್ತೆ ಕೇಳಿಬಂದರೆ ಕ್ರಮ ಜರುಗಿಸುತ್ತೇವೆ ಎಂದು ಲೀಗ್ ಅವರಿಗೂ ಅವರ ಏಜೆಂಟರಿಗೂ ಎಚ್ಚರಿಕೆ ಕೊಟ್ಟಿತು. ಸೆಪ್ಟೆಂಬರ್ ಕೊನೆಯಲ್ಲಿ ಪೋರ್ಟ್‌ಲ್ಯಾಂಡ್ ಅವರನ್ನು ಕಳಿಸಿದ್ದು ಮಿಲ್ವಾಕಿಗೆ. ಅವರ ಒಪ್ಪಂದದಲ್ಲಿ ಇನ್ನೂ ವರ್ಷಗಳು ಉಳಿದಿದ್ದವು, ಬೀಲ್ ಅವರಿಗಿದ್ದಂಥ ಷರತ್ತು ಇರಲಿಲ್ಲ. ಹಾಗಿರುವಾಗ ತಂಡ ಯಾರು ಹೆಚ್ಚು ಕೊಡುತ್ತಾರೋ ಅವರಿಗೆ ಕೊಡುತ್ತದೆ.

ಆಟಗಾರನ ಕೈ ಮೇಲಾಗುವುದು ಒಪ್ಪಂದ ಮುಗಿಯುವ ಹೊತ್ತಿಗೆ. ವರ್ಷದ ಕೊನೆಗೆ ಬಿಟ್ಟು ಹೋಗುವವನಿಗಾಗಿ ಯಾರು ಕೈ ಬಿಚ್ಚುತ್ತಾರೆ? ಆದರೂ ಗಟ್ಟಿ ಎದೆಯ ತಂಡಗಳು ಇವೆ. 2018ರಲ್ಲಿ ಲಾಸ್ ಏಂಜಲೀಸ್‌ಗೆ ಹೋಗಬಯಸಿದ್ದ ಕವಾಯ್ ಲೆನರ್ಡ್ ಅವರನ್ನು ಒಂದೇ ವರ್ಷ ಸಿಗುತ್ತಾರೆ ಎಂದು ಗೊತ್ತಿದ್ದೂ ಟೊರಾಂಟೊ ತಂದುಕೊಂಡಿತು. 2019ರಲ್ಲಿ ಪ್ರಶಸ್ತಿ ಗೆದ್ದಿತು, ಅದೇ ಜುಲೈನಲ್ಲಿ ಅವರು ಲಾಸ್ ಏಂಜಲೀಸ್‌ನ ಕ್ಲಿಪ್ಪರ್ಸ್‌ಗೆ ಹೋದರು. ನನ್ನ ಮಟ್ಟಿಗೆ ಆ ದಶಕದ ಅತ್ಯಂತ ಧೈರ್ಯದ ಟ್ರೇಡ್ ಅದು.

ಪ್ರಶ್ನೆ: ಯಾವ ವದಂತಿ ನಂಬಬೇಕು, ಯಾವುದು ಬಿಡಬೇಕು? (ಬ್ಯಾಂಕ್ ಉದ್ಯೋಗಿ, ಹುಬ್ಬಳ್ಳಿ)

ಉತ್ತರ: ಸುದ್ದಿ ನಿಜವೋ ಸುಳ್ಳೋ ಎನ್ನುವುದಕ್ಕಿಂತ, ಇದು ಹೊರಬಂದರೆ ಯಾರಿಗೆ ಲಾಭ ಎಂದು ಕೇಳಿಕೊಳ್ಳಿ. ‘ಮೂರು ತಂಡಗಳು ಹಿಂದೆ ಬಿದ್ದಿವೆ’ ಎಂದರೆ ಏಜೆಂಟರಿಗೆ ಬೆಲೆ ಏರಿಸಲು ಅನುಕೂಲ. ‘ಮಾತುಕತೆ ಅಂತಿಮ ಹಂತದಲ್ಲಿದೆ’ ಎಂದರೆ ಮಾರುವ ತಂಡ ಉಳಿದವರನ್ನು ಅವಸರಪಡಿಸುತ್ತಿದೆ. ‘ನಾವು ತುಂಬಾ ಪ್ರಯತ್ನಪಟ್ಟೆವು’ ಎಂಬ ಸುದ್ದಿ ಹೆಚ್ಚಾಗಿ ಅಭಿಮಾನಿಗಳ ಸಮಾಧಾನಕ್ಕೆ.

ಸುದ್ದಿ ಸೋರಿದರೆ ಎರಡೂ ಕಡೆಗೆ ನಷ್ಟ ಅನ್ನುವಾಗ ಏನೂ ಹೊರಬರುವುದಿಲ್ಲ. 2025ರ ಫೆಬ್ರುವರಿ 2, ನಮ್ಮಲ್ಲಿ ಭಾನುವಾರ ಬೆಳಗ್ಗೆ, ಲೂಕಾ ಡಾನ್ಚಿಚ್ ಲೇಕರ್ಸ್‌ಗೆ ಎಂದು ಎನ್‌ಬಿಎ ವರದಿಗಾರ ಶಮ್ಸ್ ಚರಾನಿಯಾ ಬರೆದಾಗ ಅವರ ಖಾತೆ ಹ್ಯಾಕ್ ಆಗಿದೆ ಎಂದೇ ಜನ ಅಂದುಕೊಂಡರು. 25 ವರ್ಷದ ಆಟಗಾರ, ಎಂಟು ತಿಂಗಳ ಹಿಂದಷ್ಟೇ ಡಲ್ಲಾಸನ್ನು ಫೈನಲ್‌ವರೆಗೆ ಒಯ್ದವರು, ಟ್ರೇಡ್ ಕೇಳಿದವರೂ ಅಲ್ಲ. ಜನರಲ್ ಮ್ಯಾನೇಜರ್‌ಗಳಾದ ಡಲ್ಲಾಸ್‌ನ ನಿಕೊ ಹ್ಯಾರಿಸನ್ ಮತ್ತು ಲೇಕರ್ಸ್‌ನ ರಾಬ್ ಪೆಲಿಂಕಾ ವಾರಗಟ್ಟಲೆ ತಮ್ಮೊಳಗೇ ಮಾತಾಡಿ ಮುಗಿಸಿದ್ದರು. ಡಾನ್ಚಿಚ್ ಮತ್ತು ಅವರ ಬದಲಿಗೆ ಲೇಕರ್ಸ್ ಕೊಟ್ಟ ಆಂಟನಿ ಡೇವಿಸ್ ಇಬ್ಬರ ಸಂಬಳವೂ ಸುಮಾರು 4.3 ಕೋಟಿ, ಒಬ್ಬರಿಗೆ ಒಬ್ಬರು ಸರಿಹೋದರು. ಲೆಕ್ಕ ಅಷ್ಟು ಸಲೀಸಾಗಿತ್ತು, ಆದರೂ ಒಬ್ಬರೂ ಊಹಿಸಲಿಲ್ಲ. ಇಂಥ ಆಟಗಾರನನ್ನು ಯಾರೂ ಬಿಟ್ಟುಕೊಡುವುದಿಲ್ಲ ಎಂಬುದು ಎಲ್ಲರ ನಂಬಿಕೆಯಾಗಿತ್ತು. ಆ ಟ್ರೇಡ್ ತಪ್ಪು ಎಂದೇ ನನ್ನ ಅಭಿಪ್ರಾಯ. ಹ್ಯಾರಿಸನ್ ಅವರನ್ನು ಅದೇ ವರ್ಷದ ನವೆಂಬರ್‌ನಲ್ಲಿ ಡಲ್ಲಾಸ್ ವಜಾ ಮಾಡಿತು.

ಪ್ರಶ್ನೆ: ಲೆಬ್ರಾನ್ ಮೂರು ಸಲ ತಂಡ ಬದಲಿಸಿದರು, ಡ್ಯುರಾಂಟ್ ಅಂತೂ ಲೆಕ್ಕವೇ ಇಲ್ಲ. ಈ ಕಾಲದ ಆಟಗಾರರಿಗೆ ನಿಷ್ಠೆಯೇ ಇಲ್ಲ. ನಿಮಗೆ ಬೇಸರ ಆಗಲ್ವಾ? (ನಿವೃತ್ತ ದೈಹಿಕ ಶಿಕ್ಷಕ, ಶಿವಮೊಗ್ಗ)

ಉತ್ತರ: ಸರ್, ಮೆಚ್ಚಿನ ಆಟಗಾರ ಹೋದಾಗ ನನಗೂ ಸಂಕಟವಾಗುತ್ತದೆ. ಆದರೆ ಸಿಟ್ಟು ಬರುವುದಿಲ್ಲ. ಈ ಹಕ್ಕು ಪುಕ್ಕಟೆ ಸಿಕ್ಕಿದ್ದಲ್ಲ. ಒಂದು ಕಾಲದಲ್ಲಿ ಒಪ್ಪಂದ ಮುಗಿದರೂ ಆಟಗಾರ ಹಳೆಯ ತಂಡಕ್ಕೇ ಕಟ್ಟಿಬಿದ್ದಿರಬೇಕಿತ್ತು. 1970ರಲ್ಲಿ ಆಟಗಾರರ ಸಂಘದ ಅಧ್ಯಕ್ಷರಾಗಿದ್ದ ಆಸ್ಕರ್ ರಾಬರ್ಟ್‌ಸನ್ ಲೀಗ್ ಮೇಲೆ ದಾವೆ ಹೂಡಿದರು. ರಾಜಿಯಾಗಿದ್ದು 1976ರಲ್ಲಿ, ಅಷ್ಟರಲ್ಲಿ ಅವರು ಆಟದಿಂದ ನಿವೃತ್ತರಾಗಿದ್ದರು. ಯಾವ ಕಟ್ಟೂ ಇಲ್ಲದ ಮೊದಲ ಫ್ರೀ ಏಜೆಂಟ್ ಆಗಿ ಟಾಮ್ ಚೇಂಬರ್ಸ್ ಸಿಯಾಟಲ್‌ನಿಂದ ಫೀನಿಕ್ಸ್‌ಗೆ ಹೋದದ್ದು 1988ರಲ್ಲಿ.

ಇನ್ನು ನಿಷ್ಠೆಯ ಮಾತು. 2017ರ ಏಪ್ರಿಲ್‌ನಲ್ಲಿ ಐಸಾಯಾ ಥಾಮಸ್ ಅವರ ತಂಗಿ ಅಪಘಾತದಲ್ಲಿ ತೀರಿಕೊಂಡರು. ಮರುದಿನವೇ ಅವರು ಬಾಸ್ಟನ್ ಪರ ಪ್ಲೇಆಫ್ ಪಂದ್ಯ ಆಡಿದರು, ಅಂಗಳದಲ್ಲಿ ಕಣ್ಣೀರು ಒರೆಸಿಕೊಳ್ಳುತ್ತಿದ್ದುದನ್ನು ನಾವೆಲ್ಲ ನೋಡಿದೆವು. ಆಗಸ್ಟ್‌ನಲ್ಲಿ ಬಾಸ್ಟನ್ ಅವರನ್ನು ಕ್ಲೀವ್‌ಲ್ಯಾಂಡ್‌ಗೆ ಕಳಿಸಿತು. ಟೊರಾಂಟೊಗೆ ಒಂಬತ್ತು ಸೀಸನ್ ಆಡಿದ ಡಿಮಾರ್ ಡಿರೋಜನ್ ಅವರನ್ನೇ ಕೊಟ್ಟು ಆ ತಂಡ ಲೆನರ್ಡ್ ಅವರನ್ನು ತಂದದ್ದು. ತಂಡ ಕಳಿಸಿದಾಗ ಅದನ್ನು ವ್ಯವಹಾರ ಎನ್ನುತ್ತೇವೆ. ಒಪ್ಪಂದ ಪೂರೈಸಿ ತಾನಾಗಿ ಹೊರಟ ಆಟಗಾರನಿಗೆ ಮಾತ್ರ ದ್ರೋಹಿ ಪಟ್ಟ ಕಟ್ಟುವುದು ನ್ಯಾಯವಲ್ಲ, ಇದನ್ನು ನಾನು ಖಡಾಖಂಡಿತವಾಗಿ ಹೇಳುತ್ತೇನೆ.

ಪ್ರಶ್ನೆ: ಫ್ರೀ ಏಜೆನ್ಸಿ ಶುರುವಾಗೋದು ನಮ್ಮ ಸಮಯ ಎಷ್ಟಕ್ಕೆ? ಮೊದಲ ದಿನವೇ ಎಲ್ಲ ಖಚಿತ ಆಗಿಬಿಡುತ್ತಾ? (ಪಿಯುಸಿ ವಿದ್ಯಾರ್ಥಿನಿ, ಮಂಗಳೂರು)

ಉತ್ತರ: ಒಪ್ಪಂದ ಮುಗಿದ ಆಟಗಾರರು ಹೊಸ ತಂಡಗಳ ಜೊತೆ ಮಾತಾಡುವ ಈ ಅವಧಿ ಇತ್ತೀಚಿನ ವರ್ಷಗಳಲ್ಲಿ ಶುರುವಾಗುವುದು ಅಮೆರಿಕದ ಪೂರ್ವ ತೀರದ ಸಮಯ ಜೂನ್ 30ರ ಸಂಜೆ 6 ಗಂಟೆಗೆ, ಅಂದರೆ ನಮ್ಮಲ್ಲಿ ಜುಲೈ 1ರ ನಸುಕಿನ 3.30ಕ್ಕೆ. ಮೊದಲ ಗಂಟೆಯಲ್ಲೇ ಸುದ್ದಿಗಳ ಸುರಿಮಳೆ. ಆದರೆ ಅವೆಲ್ಲ ಬಾಯಿಮಾತಿನ ಒಪ್ಪಂದ, ಹೆಚ್ಚಿನವರು ಸಹಿ ಹಾಕುವುದು ಜುಲೈ 6ರಿಂದ. 2015ರಲ್ಲಿ ಕ್ಲಿಪ್ಪರ್ಸ್‌ನ ಡಿಆಂಡ್ರೆ ಜೋರ್ಡನ್ ಡಲ್ಲಾಸ್‌ಗೆ ಬರುತ್ತೇನೆಂದು ಒಪ್ಪಿದ್ದರು. ಸಹಿಯ ದಿನ ಹತ್ತಿರವಾದಾಗ ಕ್ಲಿಪ್ಪರ್ಸ್ ಆಟಗಾರರು, ಕೋಚ್ ಎಲ್ಲ ಹ್ಯೂಸ್ಟನ್‌ನ ಅವರ ಮನೆಗೇ ಹೋಗಿ ಕೂತರು. ಬಾಗಿಲಿಗೆ ಕುರ್ಚಿ ಒತ್ತರಿಸಿಟ್ಟ ಫೋಟೊ ಒಂದನ್ನು ಅವರ ಸಹ ಆಟಗಾರ ಬ್ಲೇಕ್ ಗ್ರಿಫಿನ್ ಟ್ವೀಟ್ ಮಾಡಿದರು. ಆ ರಾತ್ರಿ ಜೋರ್ಡನ್ ಸಹಿ ಹಾಕಿದ್ದು ಕ್ಲಿಪ್ಪರ್ಸ್‌ಗೇ. ಹೊಸ ಜೆರ್ಸಿ ಕೊಳ್ಳುವುದಿದ್ದರೆ ಜುಲೈ 6 ಕಳೆಯಲಿ.