ಐದು ರೆಪೊಸಿಟರಿಗಳ ಮೂರು ತಿಂಗಳ ಕೆಲಸವನ್ನು ಒಂದೇ ವರದಿಯಲ್ಲಿ ಬರೆಯುವುದು ಹೇಗೆ?

ಪ್ರಶ್ನೆ: ತುಮಕೂರಿನ ನಮ್ಮ ಸಣ್ಣ ತಂಡ ಹಳ್ಳಿ ಡೈರಿಗಳ ಲೆಕ್ಕಕ್ಕೆಂದು ಐದು ಮುಕ್ತ ತಂತ್ರಾಂಶಗಳನ್ನು ನಡೆಸುತ್ತಿದೆ: ದರ ಲೆಕ್ಕ ಹಾಕುವ ಲೈಬ್ರರಿ, ಸರ್ವರ್, ಆಂಡ್ರಾಯ್ಡ್ ಆ್ಯಪ್, ಬಟವಾಡೆ ಪಟ್ಟಿ ಮುದ್ರಿಸುವ ಪ್ರೋಗ್ರಾಂ, ಕನ್ನಡ ಅನುವಾದ ಮತ್ತು ಕೈಪಿಡಿ. ಮೂರು ತಿಂಗಳಿಗೊಮ್ಮೆ ಪ್ರಗತಿ ವರದಿ ಹಾಕುತ್ತೇವೆ. ಪ್ರತಿ ರೆಪೊಸಿಟರಿಯಲ್ಲಿ (ಕೋಡ್ ಮತ್ತು ಅದರ ಇತಿಹಾಸ ಇಡುವ ಜಾಗ) ಎಷ್ಟು ಕಮಿಟ್ (ದಾಖಲಾದ ಬದಲಾವಣೆ) ಆಯಿತು ಎಂದು ಬರೆಯುತ್ತೇವೆ, ಯಾರೂ ಓದುವುದಿಲ್ಲ. ಅಂಕಿಗಳೂ ಒಮ್ಮೊಮ್ಮೆ ತಾಳೆಯಾಗುವುದಿಲ್ಲ. ಏನು ಮಾಡಬೇಕು?

ಉತ್ತರ:

ಮೊದಲು ಓದದಿರುವ ವಿಷಯ. ಡೈರಿ ಕಾರ್ಯದರ್ಶಿಗೆ ನಿಮ್ಮ ಐದು ರೆಪೊಸಿಟರಿಗಳು ಕಾಣುವುದಿಲ್ಲ. ಬೆಳಗಿನ ಸರದಿಯಲ್ಲಿ ಹಾಲು ಅಳೆದು, ಡಿಗ್ರಿ ಮತ್ತು ಫ್ಯಾಟ್ ಒತ್ತಿದಾಗ ದರ ಸರಿಯಾಗಿ ಬಂತೇ, ವಾರದ ಬಟವಾಡೆ ಪಟ್ಟಿಯಲ್ಲಿ ಅದೇ ದರ ಬಿತ್ತೇ ಎಂಬುದಷ್ಟೇ ಅವರಿಗೆ ಮುಖ್ಯ. ಹೊಸದಾಗಿ ಕೋಡ್ ಬರೆಯಲು ಬರುವವರಿಗೂ ಕಮಿಟ್ ಸಂಖ್ಯೆಯಿಂದ ಏನೂ ತಿಳಿಯದು. ಒಂದಕ್ಕೊಂದು ಹೊಂದಿಕೊಂಡ ಯೋಜನೆಗಳಲ್ಲಿ ನಿಜವಾದ ಸುದ್ದಿ ಇರುವುದು ಅವು ಸೇರುವ ಜಾಗದಲ್ಲಿ: ಲೈಬ್ರರಿಯಲ್ಲಿ ಆದ ಬದಲಾವಣೆ ಆ್ಯಪ್‌ವರೆಗೆ ತಲುಪಿತೇ, ತಲುಪದಿದ್ದರೆ ಎಲ್ಲಿ ನಿಂತಿತು? ವರದಿಯನ್ನು ಅಲ್ಲಿಂದ ಶುರು ಮಾಡಿ.

ಒಂದು ಮಾದರಿ ನೋಡಿ. (ಎಸ್‌ಎನ್‌ಎಫ್ ಎಂದರೆ ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಘನಾಂಶ; ಲ್ಯಾಕ್ಟೋಮೀಟರಿನ ಡಿಗ್ರಿ ಮತ್ತು ಫ್ಯಾಟ್‌ನಿಂದ ಅದನ್ನು ಲೆಕ್ಕ ಹಾಕುತ್ತಾರೆ.) "ಲೈಬ್ರರಿ: 64 ಕಮಿಟ್, ಎಸ್‌ಎನ್‌ಎಫ್ ಕೋಡ್ ಸುಧಾರಣೆ. ಆ್ಯಪ್: 31 ಕಮಿಟ್, ಹಲವು ದೋಷಗಳ ಪರಿಹಾರ" ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. ಅದೇ ವಿಷಯವನ್ನು ಹೀಗೆ ಬರೆಯಬಹುದು:

"ಎಸ್‌ಎನ್‌ಎಫ್ ಸೂತ್ರದ ಕೊನೆಯಲ್ಲಿ ಕೂಡಿಸುವ ಸ್ಥಿರಾಂಕವನ್ನು ಇನ್ನು ಮುಂದೆ ಆಯಾ ಡೈರಿಯ ಸೆಟ್ಟಿಂಗ್‌ನಲ್ಲೇ ಬದಲಿಸಬಹುದು. ಲ್ಯಾಕ್ಟೋಮೀಟರಿನ ಬಗೆ ಬೇರೆಯಾದರೆ ಈ ಸಂಖ್ಯೆಯೂ ಬೇರೆಯಾಗುತ್ತದೆ; ಇದುವರೆಗೆ ಅದು ಕೋಡ್‌ನೊಳಗೇ ಇತ್ತು. ಲೈಬ್ರರಿ 2.0ರಲ್ಲಿ ಇದು ಬಂದಿದೆ, ಸರ್ವರ್ 1.8 ಅದನ್ನು ಬಳಸುತ್ತಿದೆ. ಆ್ಯಪ್ ಮಾತ್ರ ಇನ್ನೂ ಲೈಬ್ರರಿ 1.6ರ ಮೇಲಿದೆ. ಹಾಗಾಗಿ ನೆಟ್‌ವರ್ಕ್ ಇಲ್ಲದಾಗ ಆ್ಯಪ್ ತೋರಿಸುವ ದರಕ್ಕೂ ಸಿಂಕ್ ಆದ ಮೇಲೆ ಬರುವ ದರಕ್ಕೂ ವ್ಯತ್ಯಾಸ ಬರಬಹುದು. ಆ್ಯಪ್‌ನ ಮುಂದಿನ ಬಿಡುಗಡೆಯವರೆಗೆ ಈ ಸೆಟ್ಟಿಂಗ್ ಬದಲಿಸಬೇಡಿ."

ಇದರಲ್ಲಿ ಮೂರು ಯೋಜನೆಗಳ ಸ್ಥಿತಿ ಇದೆ, ಬಳಸುವವರು ಏನು ಮಾಡಬೇಕು ಎಂಬುದಿದೆ, ಬಾಕಿ ಇರುವ ಕೆಲಸವೂ ಇದೆ. ಇಂಥ ಐದಾರು ಪ್ಯಾರಾ ಇದ್ದರೆ ವರದಿ ಮುಗಿಯಿತು. ಜೊತೆಗೆ ಒಂದೇ ಒಂದು ಕೋಷ್ಟಕ ಸಾಕು: ಯೋಜನೆಯ ಹೆಸರು, ಇತ್ತೀಚಿನ ಆವೃತ್ತಿ, ಅದು ಹೊರಬಂದ ದಿನಾಂಕ, ಅದಕ್ಕೆ ಬೇಕಾದ ಲೈಬ್ರರಿಯ ಕನಿಷ್ಠ ಆವೃತ್ತಿ. ಕೊನೆಯ ಕಾಲಮ್ ಅನ್ನು ಯಾವ ಕಾರಣಕ್ಕೂ ಬಿಡಬೇಡಿ. ಮೊದಲನೇ ಅಂಕಿ ಬದಲಾದ, ಅಂದರೆ ಹಳೆಯದಕ್ಕೆ ಹೊಂದದ ಬಿಡುಗಡೆ ಬಂದಾಗ ಯಾರು ಹಿಂದೆ ಉಳಿದಿದ್ದಾರೆ ಎಂಬುದು ಅಲ್ಲೇ ಕಣ್ಣಿಗೆ ಬೀಳುತ್ತದೆ.

ಎಲ್ಲ ಯೋಜನೆಗಳೂ ತ್ರೈಮಾಸಿಕಕ್ಕೆ ಸರಿಯಾಗಿ ಬಿಡುಗಡೆ ಮಾಡಬೇಕೆಂಬ ನಿಯಮ ಹಾಕಿಕೊಳ್ಳಬೇಡಿ. ಕೆಡಿಇ ಎಂಬ ಮುಕ್ತ ತಂತ್ರಾಂಶ ಬಳಗದಲ್ಲಿ ಫ್ರೇಮ್‌ವರ್ಕ್ಸ್ ಲೈಬ್ರರಿಗಳು ತಿಂಗಳಿಗೊಮ್ಮೆ ಬರುತ್ತವೆ, ಗೇರ್ ಹೆಸರಿನ ಅಪ್ಲಿಕೇಶನ್‌ಗಳ ಗುಂಪು ಏಪ್ರಿಲ್, ಆಗಸ್ಟ್, ಡಿಸೆಂಬರ್‌ನಲ್ಲಿ ಬರುತ್ತದೆ. ತಳಹದಿಯದು ಬೇಗ ಬೇಗ, ಮೇಲಿನದು ನಿಧಾನ. ವರದಿಯ ಗಡುವಿಗೆಂದು ಅವಸರದಲ್ಲಿ ಆ್ಯಪ್ ಬಿಡುಗಡೆ ಮಾಡಿದರೆ ಅದರ ಪರಿಣಾಮ ಬಟವಾಡೆ ದಿನ ಗೊತ್ತಾಗುತ್ತದೆ.

ಈಗ ಅಂಕಿ ತಾಳೆಯಾಗದ ವಿಷಯ. ಇದಕ್ಕೆ ಸಾಮಾನ್ಯವಾಗಿ ಕಾರಣ ದಿನಾಂಕದ ಮೇಲೆ ಎಣಿಸುವುದು. ಬದಲಾವಣೆಗಳ ದಾಖಲೆ ಇಡುವ ಗಿಟ್‌ನ ಲಾಗ್ ಆದೇಶಕ್ಕೆ ಸಿನ್ಸ್ (ಯಾವಾಗಿನಿಂದ), ಅನ್‌ಟಿಲ್ (ಯಾವಾಗಿನವರೆಗೆ) ಕೊಟ್ಟಾಗ ಅದು ನೋಡುವುದು ಕೋಡ್ ಬರೆದ ದಿನವನ್ನಲ್ಲ, ಕಮಿಟ್ಟರ್ ದಿನಾಂಕವನ್ನು, ಅಂದರೆ ಕಮಿಟ್ ಕೊನೆಯದಾಗಿ ದಾಖಲಾದ ದಿನವನ್ನು. ಜೂನ್‌ನಲ್ಲಿ ಬರೆದದ್ದನ್ನು ಜುಲೈನಲ್ಲಿ ರೀಬೇಸ್ ಮಾಡಿದರೆ (ಬೇರೆ ಕಮಿಟ್‌ಗಳ ಮೇಲೆ ಮತ್ತೆ ಕೂರಿಸಿದರೆ) ಅದು ಜುಲೈ ಲೆಕ್ಕಕ್ಕೆ ಹೋಗುತ್ತದೆ. ಇನ್ನೊಂದು ತೊಡಕು ಬಹಳ ಜನರಿಗೆ ಗೊತ್ತಿಲ್ಲ: ಸಮಯ ಕೊಡದೆ ಬರೀ ಜುಲೈ 1 ಎಂದು ಬರೆದರೆ, ಗಿಟ್ ಅದನ್ನು ಮಧ್ಯರಾತ್ರಿ ಎಂದುಕೊಳ್ಳುವುದಿಲ್ಲ, ನೀವು ಆದೇಶ ಓಡಿಸಿದ ಗಳಿಗೆಯ ಗಂಟೆ-ನಿಮಿಷವನ್ನೇ ಆ ದಿನಕ್ಕೆ ಸೇರಿಸಿಕೊಳ್ಳುತ್ತದೆ. ಬೆಳಿಗ್ಗೆ ಓಡಿಸಿದರೆ ಒಂದು ಸಂಖ್ಯೆ, ಸಂಜೆ ಓಡಿಸಿದರೆ ಇನ್ನೊಂದು. ದಿನಾಂಕ ಕೊಡಲೇಬೇಕಿದ್ದರೆ 00:00 ಮತ್ತು +0530 ಎಂದು ಸಮಯ, ವಲಯ ಎರಡನ್ನೂ ಸೇರಿಸಿ ಕೊಡಿ. ಯಾರದಾದರೂ ಲ್ಯಾಪ್‌ಟಾಪ್ ಗಡಿಯಾರ ಹಿಂದೆ ಇದ್ದರೆ ಸಿನ್ಸ್ ಆ ಹಳೆಯ ದಿನಾಂಕದ ಕಮಿಟ್ ಕಂಡಲ್ಲೇ ಹುಡುಕಾಟ ನಿಲ್ಲಿಸಬಹುದು, ಗಿಟ್ 2.37ರಿಂದ ಇರುವ ಸಿನ್ಸ್-ಆ್ಯಸ್-ಫಿಲ್ಟರ್ ಆಯ್ಕೆ ಹಾಗೆ ನಿಲ್ಲುವುದಿಲ್ಲ.

ನನ್ನ ಸಲಹೆ, ದಿನಾಂಕವನ್ನೇ ಕೈಬಿಡಿ. ತ್ರೈಮಾಸಿಕದ ಕೊನೆಯ ದಿನ ಪ್ರತಿ ರೆಪೊಸಿಟರಿಯ ಮುಖ್ಯ ಶಾಖೆಗೆ ಒಂದು ಟ್ಯಾಗ್ (ಆ ಹಂತಕ್ಕೆ ಇಡುವ ಹೆಸರಿನ ಗುರುತು) ಹಾಕಿ. ಮುಂದಿನ ಸಲ ಹಳೆಯ ಟ್ಯಾಗ್, ಎರಡು ಚುಕ್ಕಿ, ಹೊಸ ಟ್ಯಾಗ್ ಎಂದು ಕೊಟ್ಟರೆ ನಡುವೆ ಮುಖ್ಯ ಶಾಖೆಗೆ ಸೇರಿದ್ದೆಲ್ಲ ಸಿಗುತ್ತದೆ. ಒಂದು ಕಮಿಟ್ ಎರಡು ವರದಿಗಳಲ್ಲಿ ಬರುವುದಿಲ್ಲ, ಎರಡರಿಂದಲೂ ತಪ್ಪಿಸಿಕೊಳ್ಳುವುದೂ ಇಲ್ಲ. ಚುಕ್ಕಿ ಎರಡೇ ಇರಲಿ, ಮೂರು ಹಾಕಿದರೆ ಅರ್ಥವೇ ಬೇರೆ.

ಯಾರು ಎಷ್ಟು ಕೆಲಸ ಮಾಡಿದರು ಎಂಬುದಕ್ಕೆ ಗಿಟ್ ಶಾರ್ಟ್‌ಲಾಗ್ ಇದೆ. ಅದನ್ನು ಕ್ರಾನ್‌ನಲ್ಲಿ (ನಿಗದಿತ ಸಮಯಕ್ಕೆ ತಾನಾಗಿ ಓಡಿಸುವ ವ್ಯವಸ್ಥೆ) ಅಥವಾ ಸಿಐನಲ್ಲಿ (ಕೋಡ್ ಬದಲಾದಾಗ ತಾನಾಗಿ ಪರೀಕ್ಷೆ ನಡೆಸುವ ವ್ಯವಸ್ಥೆ) ಓಡಿಸುವಾಗ ಟ್ಯಾಗ್ ವ್ಯಾಪ್ತಿಯನ್ನೋ ಹೆಡ್ (ಈಗಿನ ತುದಿಯ ಕಮಿಟ್) ಅನ್ನೋ ಕೊಡದಿದ್ದರೆ, ಟರ್ಮಿನಲ್ ಇಲ್ಲದ ಕಾರಣ ಅದು ಲಾಗ್ ಅನ್ನು ಇನ್‌ಪುಟ್‌ನಿಂದ ಓದಲು ಹೋಗಿ ಖಾಲಿ ಫಲಿತಾಂಶ ಕೊಡುತ್ತದೆ. ಸಿಐಗೆ ಬಳಸುವ ಗಿಟ್‌ಹಬ್ ಆ್ಯಕ್ಷನ್ಸ್‌ನ ಚೆಕ್‌ಔಟ್ ಹಂತ ಪೂರ್ವನಿಯೋಜಿತವಾಗಿ ಒಂದೇ ಕಮಿಟ್ ಇಳಿಸಿಕೊಳ್ಳುತ್ತದೆ. ಫೆಚ್-ಡೆಪ್ತ್ 0 ಎಂದು ಕೊಟ್ಟರಷ್ಟೇ ಪೂರ್ತಿ ಇತಿಹಾಸವೂ ಟ್ಯಾಗ್‌ಗಳೂ ಬರುತ್ತವೆ. ಒಬ್ಬರೇ ಕಾಲೇಜಿನ ಇಮೇಲ್‌ನಿಂದಲೂ ಸ್ವಂತ ಇಮೇಲ್‌ನಿಂದಲೂ ಕಮಿಟ್ ಮಾಡಿದ್ದರೆ ಇಬ್ಬರಾಗಿ ಕಾಣುತ್ತಾರೆ. ಅದಕ್ಕೆ ಒಬ್ಬರ ಹಲವು ಇಮೇಲ್‌ಗಳನ್ನು ಒಂದೇ ಹೆಸರಿಗೆ ಸೇರಿಸುವ ಮೇಲ್‌ಮ್ಯಾಪ್ ಕಡತ ಬೇಕು. ಐದು ಕಡೆ ಐದು ಬರೆಯುವ ಬದಲು ಒಂದೇ ಕಡತ ಇಟ್ಟು, ಗಿಟ್ ಸಂರಚನೆಯ ಮೇಲ್‌ಮ್ಯಾಪ್.ಫೈಲ್‌ನಲ್ಲಿ ಅದರ ಜಾಗ ತೋರಿಸಿ. ಸ್ಕ್ವಾಶ್ ಮರ್ಜ್ (ಹಲವು ಕಮಿಟ್‌ಗಳನ್ನು ಒಂದಾಗಿಸಿ ಸೇರಿಸುವುದು) ಬಳಸುತ್ತಿದ್ದರೆ ಜೊತೆ ಲೇಖಕರ ಹೆಸರು ಸಂದೇಶದ ತುದಿಯ ಸಾಲಿನಲ್ಲಷ್ಟೇ ಉಳಿಯುತ್ತದೆ. ಗಿಟ್ 2.29ರಿಂದ ಇರುವ ಗ್ರೂಪ್ ಆಯ್ಕೆಯಿಂದ ಅವರನ್ನೂ ಎಣಿಸಬಹುದು. ದಯವಿಟ್ಟು ಎಣಿಸಿ. ಪರೀಕ್ಷೆಗಳ ನಡುವೆ ಬಿಡುವು ಮಾಡಿಕೊಂಡು ಕೆಲಸ ಮಾಡಿದ ವಿದ್ಯಾರ್ಥಿಯ ಹೆಸರು ವರದಿಯಿಂದ ಬಿಟ್ಟುಹೋಗುವುದು ಅನ್ಯಾಯ.

ಸಾಲುಗಳ ಎಣಿಕೆ ಬೇಡವೇ ಬೇಡ. ಒಂದು ಲಾಕ್ ಕಡತ (ಬಳಸಿದ ಲೈಬ್ರರಿಗಳ ಆವೃತ್ತಿ ಪಟ್ಟಿ) ಅಥವಾ ಪಿಒ ಕಡತ (ಅನುವಾದದ ವಾಕ್ಯಗಳ ಕಡತ) ಹೊಸದಾಗಿ ತಯಾರಾದರೆ ಸಾವಿರಾರು ಸಾಲು ಬದಲಾದಂತೆ ಕಾಣುತ್ತದೆ. ಬಾಟ್‌ಗಳ, ಅಂದರೆ ತಾನಾಗಿ ಓಡುವ ಪ್ರೋಗ್ರಾಂಗಳ, ಕಮಿಟ್‌ಗಳನ್ನೂ ಎಣಿಕೆಯಿಂದ ತೆಗೆದುಹಾಕಿ.

ದೋಷ ವರದಿಗಳನ್ನು ಎಪಿಐ (ಪ್ರೋಗ್ರಾಂ ಮಾಹಿತಿ ಕೇಳಿ ಪಡೆಯುವ ದಾರಿ) ಮೂಲಕ ಎಣಿಸುತ್ತಿದ್ದರೆ ಎರಡು ಎಚ್ಚರಿಕೆ. ಗಿಟ್‌ಹಬ್‌ನ ಇಶ್ಯೂ (ದೋಷ ವರದಿ) ಪಟ್ಟಿಯಲ್ಲಿ ಪುಲ್ ರಿಕ್ವೆಸ್ಟ್‌ಗಳೂ (ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆಗಳು) ಸೇರಿ ಬರುತ್ತವೆ, ಬೇರ್ಪಡಿಸಬೇಕು. ಒಂದು ಪುಟಕ್ಕೆ ಬರುವುದು 30, ಕೇಳಿದರೆ 100ರವರೆಗೆ. ಪುಟ ತಿರುವದ ಸ್ಕ್ರಿಪ್ಟ್ ಇದ್ದರೆ ಪ್ರತಿ ತ್ರೈಮಾಸಿಕದಲ್ಲೂ ಸರಿಯಾಗಿ 30 ದೋಷ ಎಂದೇ ತೋರಿಸುತ್ತಿರುತ್ತದೆ. ಬಹಳ ದಿನ ಚಲನೆ ಇಲ್ಲದ್ದನ್ನು ಸ್ಟೇಲ್ ಬಾಟ್ ತಾನಾಗಿ ಮುಚ್ಚಿದ್ದರೆ ಅದನ್ನು ಪರಿಹಾರವಾದದ್ದರ ಜೊತೆ ಸೇರಿಸಬೇಡಿ. ಒಟ್ಟು ಎಷ್ಟು ಮುಚ್ಚಿದೆವು ಎಂಬುದಕ್ಕಿಂತ 90 ದಿನ ದಾಟಿಯೂ ತೆರೆದಿರುವ, ದರ ಅಥವಾ ಬಟವಾಡೆಗೆ ಸಂಬಂಧಿಸಿದ ದೋಷಗಳು ಎಷ್ಟು ಎಂಬುದು ಮುಖ್ಯ. ಅವುಗಳನ್ನು ಒಂದೊಂದಾಗಿ ಬರೆಯಿರಿ, ಯಾಕೆ ನಿಂತಿದೆ ಎಂಬ ಕಾರಣದ ಸಮೇತ. ಇನ್ನೂ ಸರಿಪಡಿಸದ ಭದ್ರತಾ ದೋಷದ ವಿವರ ಮಾತ್ರ ಬರೆಯಬೇಡಿ.

ಅನುವಾದದ ಸ್ಥಿತಿಗೆ ಪಿಒ ಕಡತ ಪರಿಶೀಲಿಸುವ ಎಂಎಸ್‌ಜಿಎಫ್‌ಎಂಟಿ (msgfmt) ಆದೇಶದ ಸ್ಟ್ಯಾಟಿಸ್ಟಿಕ್ಸ್ ಆಯ್ಕೆ ಮೂರು ಅಂಕಿ ಕೊಡುತ್ತದೆ: ಅನುವಾದವಾದದ್ದು, ಫಜಿ, ಆಗದಿರುವುದು. ಶೇಕಡಾ ಒಂದನ್ನೇ ಬರೆದರೆ ತಪ್ಪು ಅಭಿಪ್ರಾಯ ಬರುತ್ತದೆ. ಆ್ಯಪ್‌ಗೆ ಹೊಸ ಪರದೆ ಸೇರಿದ ಕೂಡಲೇ ಶೇಕಡಾ ಇಳಿಯುತ್ತದೆ, ಅನುವಾದಕರು ಕೆಲಸ ನಿಲ್ಲಿಸಿದ್ದಾರೆ ಅನ್ನಿಸುತ್ತದೆ. ಹೊಸದಾಗಿ ಎಷ್ಟು ವಾಕ್ಯ ಸೇರಿತು ಎಂಬುದನ್ನೂ ಜೊತೆಗೆ ಕೊಡಿ. ಫಜಿ ಎಂದರೆ ಮೂಲ ವಾಕ್ಯ ಬದಲಾಗಿ ಹಳೆಯ ಅನುವಾದ ಅನುಮಾನಕ್ಕೆ ಬಿದ್ದಿದೆ ಎಂದು. ಅಂಥವು ಸಾಮಾನ್ಯವಾಗಿ ಬಳಕೆದಾರರಿಗೆ ಇಂಗ್ಲಿಷ್‌ನಲ್ಲೇ ಕಾಣುತ್ತವೆ, ಆದ್ದರಿಂದ ಅವನ್ನು ಆದವುಗಳ ಲೆಕ್ಕಕ್ಕೆ ಸೇರಿಸುವಂತಿಲ್ಲ.

ಒಂದನೇ ತ್ರೈಮಾಸಿಕ ಎಂದಷ್ಟೇ ಬರೆಯಬೇಡಿ. ನಮ್ಮಲ್ಲಿ ಲೆಕ್ಕದ ವರ್ಷ ಏಪ್ರಿಲ್‌ನಿಂದ ಶುರು. ಅನುದಾನ ಕೊಡುವವರು ಒಂದು ತಿಳಿದರೆ ಕೋಡ್ ಬರೆಯುವವರು ಇನ್ನೊಂದು ತಿಳಿಯುತ್ತಾರೆ. ಜುಲೈಯಿಂದ ಸೆಪ್ಟೆಂಬರ್ ಎಂದು ತಿಂಗಳ ಹೆಸರನ್ನೇ ಹಾಕಿ.

ಬರೆಯುವ ಹೊಣೆ ಒಬ್ಬರ ಮೇಲೆ ಬಿದ್ದರೆ ಎರಡು ವರದಿ ಆದಮೇಲೆ ನಿಂತುಹೋಗುತ್ತದೆ. ಫ್ರೀಬಿಎಸ್‌ಡಿ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಂ ಯೋಜನೆ ತನ್ನ ತ್ರೈಮಾಸಿಕ ಸ್ಥಿತಿ ವರದಿಗೆ ಆಯಾ ತಂಡಗಳಿಂದಲೇ ಬರಹ ತರಿಸಿಕೊಳ್ಳುತ್ತದೆ, ಸಂಪಾದಕರು ಒಟ್ಟುಗೂಡಿಸುತ್ತಾರೆ. ಹಲವು ಮುಕ್ತ ತಂತ್ರಾಂಶ ಯೋಜನೆಗಳಿಗೆ ಆಶ್ರಯ ನೀಡುವ ಅಪಾಚೆ ಫೌಂಡೇಶನ್‌ನಲ್ಲಿ ಪ್ರತಿ ಯೋಜನೆಯೂ ಮೂರು ತಿಂಗಳಿಗೊಮ್ಮೆ ಮಂಡಳಿಗೆ ವರದಿ ಕೊಡಬೇಕು; ವಿಶೇಷವೇನೂ ನಡೆಯದಿದ್ದರೂ ಕೊಡಬೇಕು, ಏಕೆಂದರೆ ಯೋಜನೆಯನ್ನು ನೋಡಿಕೊಳ್ಳುವವರು ಇನ್ನೂ ಇದ್ದಾರೆಯೇ ಎಂಬುದು ಅದರಿಂದಲೇ ಗೊತ್ತಾಗುತ್ತದೆ. ನಿಮ್ಮಲ್ಲೂ ಮುದ್ರಣದ ಪ್ರೋಗ್ರಾಂನಲ್ಲಿ ಮೂರು ತಿಂಗಳು ಏನೂ ಆಗಿಲ್ಲದಿದ್ದರೆ ಅದನ್ನೇ ಬರೆಯಿರಿ: "ಬದಲಾವಣೆ ಇಲ್ಲ, ದೋಷ ಬಂದರೆ ನೋಡುವವರು ಒಬ್ಬರಿದ್ದಾರೆ, ಎರಡನೆಯವರು ಬೇಕು."

ಐದು ಯೋಜನೆಗೆ ಐದು ಸಣ್ಣ ಕಡತ ಮಾಡಿ, ಒಂದು ಪ್ರತ್ಯೇಕ ರೆಪೊಸಿಟರಿಯಲ್ಲಿಡಿ. ತ್ರೈಮಾಸಿಕ ಮುಗಿಯಲು ಎರಡು ವಾರ ಇರುವಾಗ ಎಲ್ಲರಿಗೂ ನೆನಪಿಸಿ, ಕೊನೆಯ ದಿನ ಟ್ಯಾಗ್ ಹಾಕಿ, ಮುಂದಿನ ತಿಂಗಳ 7ರೊಳಗೆ ಬರಹ ಬರಲಿ, 10ಕ್ಕೆ ಪ್ರಕಟಿಸಿ. ಬಾರದಿದ್ದ ಭಾಗಕ್ಕೆ ಕಾಯಬೇಡಿ. "ಈ ಬಾರಿ ವರದಿ ಬಂದಿಲ್ಲ" ಎಂದು ಹಾಕಿ ಮುಂದೆ ಹೋಗಿ. ಡೈರಿಗಳಿಗೆ ಕಳಿಸುವುದಕ್ಕೆ ಕೋಷ್ಟಕ, ಅಂಕಿ ಎಲ್ಲ ತೆಗೆದು, ದರ, ಬಟವಾಡೆ, ಸಿಂಕ್ ಈ ಮೂರಕ್ಕೆ ಸಂಬಂಧಿಸಿದ್ದನ್ನು ಮಾತ್ರ ಒಂದು ಪುಟ ಮಾಡಿ. ವಾಟ್ಸ್‌ಆ್ಯಪ್‌ನಲ್ಲಿ ಪಿಡಿಎಫ್ ಕಳಿಸಿದರೆ ಕಾರ್ಯದರ್ಶಿಗಳು ಅದನ್ನು ಮುದ್ರಿಸಿ ಡೈರಿಯ ಗೋಡೆಗೆ ಅಂಟಿಸಿಕೊಳ್ಳಬಹುದು.